ಹುಳದ ಮನೆಯ ಹೊರಗಿನ ಒಲೆ

ಕದಿರಮ್ಮ ಹೋಗಿ ಎರಡು ತಿಂಗಳಾಗುತ್ತ ಬಂತು. ಯಾರ ಮನೆಯಿಂದಲಾದರೂ ಒಗ್ಗರಣೆಯ ವಾಸನೆ ಬಂದರೆ ನಾನು ಈಗಲೂ ಹಿತ್ತಲ ಕಡೆ ತಿರುಗುತ್ತೇನೆ. ತನ್ನದು ಎಂದುಕೊಂಡ ಮನೆಯೊಳಗೆ ಅವಳು ಒಂದು ದಿನವೂ ಒಗ್ಗರಣೆ ಹಾಕಿದವಳಲ್ಲ. ಒಲೆ ಯಾವಾಗಲೂ ಹೊರಗೆ. ಒಳಗೆ ಅಷ್ಟು ಚೆನ್ನಾದ ಅಡಿಗೆಮನೆ ಇಟ್ಟುಕೊಂಡು ಹೀಗೇಕೆ ಎಂದು ತಿಥಿಗೆ ಬಂದಿದ್ದ ಒಬ್ಬರು ಕೇಳಿದರು. ಆ ಗದ್ದಲದಲ್ಲಿ ನನಗೆ ಹೇಳಲಾಗಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ.

೧೯೫೪ರಲ್ಲಿ ಶಿಡ್ಲಘಟ್ಟದ ಹತ್ತಿರದ ಒಂದು ಹಳ್ಳಿಯ ಶಾಲೆಗೆ ನನಗೆ ವರ್ಗವಾಯಿತು. ಅಮ್ಮಾಜಮ್ಮ ಎಂಬುವರ ಮನೆಯಲ್ಲಿ ಒಂದು ಕೋಣೆ ಬಾಡಿಗೆಗೆ ಸಿಕ್ಕಿತು. ಗಂಡ ತೀರಿಹೋಗಿ ಬಹಳ ವರ್ಷವಾಗಿದ್ದ, ಮಕ್ಕಳಿಲ್ಲದ ಹೆಂಗಸು. ಹಿಪ್ಪುನೇರಳೆ ತೋಟವಿತ್ತು. ಮನೆಗೆ ಅಂಟಿದ ಹಾಗೆ, ರೇಷ್ಮೆಹುಳು ಸಾಕುವ ಉದ್ದನೆಯ ಹೆಂಚಿನ ಮನೆಯಿತ್ತು. ಸೊಂಟ ಹಿಡಿದುಕೊಂಡು ಕೆಲಸ ಕೈಲಾಗದಂತಾದಾಗ ಅವರು ಮಂಚೇನಹಳ್ಳಿಯಲ್ಲಿದ್ದ ಅಣ್ಣನ ಕಿರಿಯ ಮಗ ಕೋನಪ್ಪನವರನ್ನೂ ಅವರ ಹೊಸ ಹೆಂಡತಿ ಕದಿರಮ್ಮನನ್ನೂ ಕರೆಸಿಕೊಂಡರು. ಬಂದ ದಿನವೇ, ಗಂಟುಮೂಟೆ ಇನ್ನೂ ಬಾಗಿಲಲ್ಲಿ ಇರುವಾಗಲೇ ಹೇಳಿದರು:

"ಹುಳದ ಮನೇಲೇ ಇರಿ. ಮೂರು ಬೆಳೆ ಹುಳ ಸಾಕಿ, ನೋಡ್ತೀನಿ. ಕೈಗೆ ಹತ್ತಿದ್ರೆ ಈ ಮನೆ ನಿಮ್ದು ಅಂದ್ಕೊಳ್ಳಿ. ಹತ್ತಲಿಲ್ಲಾಂದ್ರೆ ನಾನೇ ಬಂದು ಮಂಚೇನಹಳ್ಳಿ ಬಸ್ಸು ಹತ್ತಿಸ್ತೀನಿ. ಆಮೇಲೆ ಅತ್ತೆ ಕೆಟ್ಟೋಳು ಅನ್ಬಾರ್ದು."

ಆ ಬಸ್ಸಿನ ಮಾತಿಗೆ ಕದಿರಮ್ಮ ಎಷ್ಟು ಹೆದರಿದ್ದಳು ಎಂಬುದು ಸ್ನೇಹವಾದ ಮೇಲೆ ನನಗೆ ಗೊತ್ತಾಯಿತು. ಮಂಚೇನಹಳ್ಳಿಯ ಮನೆಯಲ್ಲಿ ಯಾರೂ ಕೆಟ್ಟವರಲ್ಲ. ಆದರೆ ಅದು ನಾಲ್ಕು ಜನ ಅಣ್ಣತಮ್ಮಂದಿರ ತುಂಬಿದ ಮನೆ. ಹೆಂಗಸರದು ಅಡಿಗೆಮನೆ, ಗಂಡಸರದು ಜಗುಲಿ. ಮದುವೆಯಾಗಿ ವರ್ಷ ಸಮೀಪಿಸಿದ್ದರೂ ಹಗಲು ಬೆಳಕಿನಲ್ಲಿ ಗಂಡನ ಜೊತೆ ಒಂದು ಮಾತು ಆಡಿರಲಿಲ್ಲವಂತೆ.

"ಅವ್ರ ಮುಖ ಸರಿಯಾಗಿ ನೋಡಿದ್ದೇ ಇಲ್ಲಿಗೆ ಬರೋ ಬಸ್ಸಲ್ಲಿ, ಟೀಚರಮ್ಮ," ಎಂದಿದ್ದಳು. "ಮೂಗು ಸ್ವಲ್ಪ ಸೊಟ್ಟ. ಮದುವೇಲಿ ಕಾಣ್ಲೇ ಇಲ್ಲ."

ಹುಳದ ಮನೆ ಹುಳಗಳದ್ದೇ. ಗೋಡೆಯುದ್ದಕ್ಕೂ ಬಿದಿರಿನ ಅಟ್ಟಣೆ, ಅದರ ಮೇಲೆ ಒಂದರ ಮೇಲೊಂದು ತಟ್ಟೆ, ತಟ್ಟೆಯ ತುಂಬ ಸೊಪ್ಪು ತಿನ್ನುವ ಹುಳ. ಇರುವೆ ಹತ್ತದಂತೆ ಅಟ್ಟಣೆಯ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಟ್ಟಿರುತ್ತಿದ್ದರು. ಗಂಡಹೆಂಡತಿಗೆ ಉಳಿದದ್ದು ಬಾಗಿಲ ಹಿಂದಿನ ಒಂದು ಚಾಪೆಯಷ್ಟು ಜಾಗ. ಹುಳಕ್ಕೆ ಘಾಟು ಆಗದು, ಹೊಗೆ ಆಗದು, ಸಾಂಬ್ರಾಣಿ ಆಗದು. ಕೊನೆಗೆ ಮುಡಿದ ಹೂವಿನ ವಾಸನೆಯೂ ಆಗದು ಎಂದು ಅಮ್ಮಾಜಮ್ಮನವರ ನಂಬಿಕೆ. ಕದಿರಮ್ಮ ತನ್ನ ಮಲ್ಲಿಗೆಯನ್ನು ಹೊರಗಿನ ಗೂಟಕ್ಕೆ ನೇತುಹಾಕಿ ಒಳಗೆ ಹೋಗುತ್ತಿದ್ದಳು. ಹುಳ ಗೂಡು ಕಟ್ಟಿ, ಗೂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗಿ, ಮನೆ ತೊಳೆದು ಸುಣ್ಣ ಬಳಿದು ಖಾಲಿ ಬಿಡುವ ಕೆಲವೇ ದಿನ ಅವಳು ಒಳಗೂ ಹೂ ಮುಡಿದು ಓಡಾಡುವಳು. "ಇವತ್ತು ನಾವೇ ಇರೋದು, ಯಜಮಾನ್ರು ಊರಲ್ಲಿಲ್ಲ," ಎನ್ನುವಳು. ಯಜಮಾನರು ಎಂದರೆ ಹುಳಗಳು.

ಹೀಗಾಗಿ ಒಲೆ ಹಿತ್ತಲಿಗೆ ಬಂತು. ಮೂರು ಕಲ್ಲು, ಮೇಲೊಂದು ತೆಂಗಿನ ಗರಿಯ ಚಪ್ಪರ, ಉರಿಸಲು ಸೊಪ್ಪು ಬಿಡಿಸಿದ ಹಿಪ್ಪುನೇರಳೆ ಕಡ್ಡಿ. ಕೋನಪ್ಪನವರಿಗೆ ಎಲೆಅಡಿಕೆಯ ಜೊತೆ ಹೊಗೆಸೊಪ್ಪು ಹಾಕುವ ಚಟ. ಹುಳಕ್ಕೆ ಮಿಕ್ಕ ವಾಸನೆ ಏನಾದರೂ ಮಾಡೀತೋ ಇಲ್ಲವೋ, ಹೊಗೆಸೊಪ್ಪು ಮಾತ್ರ ಸಾಕ್ಷಾತ್ ವಿಷ. ಆದ್ದರಿಂದ ಅವರ ಹೊಗೆಸೊಪ್ಪೂ ಒಲೆಯ ಹತ್ತಿರಕ್ಕೆ ಬಂತು. ಒಂದು ಮಣೆ ಹಾಕಿಕೊಂಡು ಕೂರುವರು. ಸುಮ್ಮನೆ ಕೂತ ಗಂಡಸಿನ ಮುಂದೆ ಕದಿರಮ್ಮ ಒಂದು ಮೊರ ಅವರೆಕಾಯಿ ಇಡುವಳು. ಅವರು ಸುಲಿಯುತ್ತ ಮಾತಾಡುವರು. ಮಂಚೇನಹಳ್ಳಿಯಲ್ಲಿ ಆಡದೆ ಉಳಿದದ್ದನ್ನೆಲ್ಲ ಇವರು ಇಲ್ಲಿ ಆಡಿ ಮುಗಿಸುತ್ತಿದ್ದಾರೆ ಎಂದು ನನಗೆ ಕೋಣೆಯ ಕಿಟಕಿಯಿಂದ ಅನ್ನಿಸುತ್ತಿತ್ತು. ಆಮೇಲೆ ಅವಳು ನನ್ನನ್ನೂ ಕರೆದಳು. ಆ ಊರಿನಲ್ಲಿ ನನಗೆ ಇನ್ನೊಬ್ಬರ ಪರಿಚಯವಿಲ್ಲದ ದಿನಗಳವು. ನಾನು ಹೋಗಿ ಕೂತೆ. ಓದುತ್ತಿದ್ದ ಪುಸ್ತಕದ ಕಥೆ ಹೇಳುವುದು ನನ್ನ ಪಾಲಿನ ಕೆಲಸವಾಯಿತು.

ಹಿತ್ತಲ ಬೇಲಿಯಾಚೆ ಓಣಿ. ಹೋಗುವವರಿಗೆಲ್ಲ ಈ ದೃಶ್ಯ ಕಾಣುತ್ತಿತ್ತು. ಒಂದು ದಿನ ಗಂಗುಲಪ್ಪ ಎಂಬುವರು ಬೇಲಿಯ ಹತ್ತಿರ ನಿಂತೇಬಿಟ್ಟರು.

"ಏನ್ ಕೋನಪ್ಪಾ, ಅಡಿಗೆ ಕಲೀತಿದ್ಯಾ? ಮುಂದಿನ ತಿಂಗ್ಳು ಸೀರೆ ಉಟ್ಕೊಂಡು ಬರ್ತೀಯೇನೋ!"

ಕೋನಪ್ಪನವರ ಬಾಯಿ ತುಂಬ ಎಲೆಅಡಿಕೆ. ಕದಿರಮ್ಮ ಸೆರಗು ಸರಿಮಾಡಿಕೊಂಡು, ತಲೆ ಎತ್ತದೆ ಹೇಳಿದಳು: "ಗಂಗುಲಪ್ಪಣ್ಣಾ, ಸಾರಿಗೆ ಉಪ್ಪು ಜಾಸ್ತಿ ಆದ್ರೆ ನಿಮ್ಮನೇಲಿ ಅಕ್ಕಯಮ್ಮಕ್ಕನ್ನ ಬೈತೀರಂತೆ. ನಮ್ಮನೇಲಿ ಆ ತಾಪತ್ರಯ ಇಲ್ಲ. ಉಪ್ಪು ಹಾಕೋರೇ ಇವ್ರು."

ಮೊದಲ ಎರಡು ಬೆಳೆ ಪರವಾಗಿಲ್ಲ ಎನ್ನುವ ಹಾಗೆ ಬಂದವು. ಅಮ್ಮಾಜಮ್ಮನವರು ಹೊಗಳಲಿಲ್ಲ, ಬೈಯಲೂ ಇಲ್ಲ. ಇನ್ನು ಉಳಿದದ್ದು ಮೂರನೆಯದು.

ಕೋನಪ್ಪನವರು ಹೊಗೆಸೊಪ್ಪು ಮುಟ್ಟಿದ ಮೇಲೆ ಬೂದಿ ಹಾಕಿ ಕೈ ಉಜ್ಜಿ, ಸೀಗೆಪುಡಿ ಹಾಕಿ ಮತ್ತೆ ಉಜ್ಜಿ ಒಳಗೆ ಹೋಗುತ್ತಿದ್ದರು. ಬಾಗಿಲಲ್ಲಿ ಅಮ್ಮಾಜಮ್ಮನವರು "ಕೈ ತೋರ್ಸು" ಎಂದು ಮೂಸಿ ನೋಡಿಯೇ ಬಿಡುತ್ತಿದ್ದರು. ದಿನಕ್ಕೆ ಹಲವು ಸಲ ಹೀಗೆ ಉಜ್ಜಿ ಉಜ್ಜಿ ಅವರ ಅಂಗೈ ಒಡೆದು ರಕ್ತ ಜಿನುಗತೊಡಗಿತು. ಕದಿರಮ್ಮನಿಗೆ ಅದನ್ನು ನೋಡಲಾಗಲಿಲ್ಲ. ಒಂದು ಉಪಾಯ ಮಾಡಿದಳು. ಎಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು, ಹೊಗೆಸೊಪ್ಪು ಮುರಿದು ಹಾಕಿ, ತಾನೇ ಮಡಿಸಿ ನೇರವಾಗಿ ಗಂಡನ ಬಾಯಿಗೆ ಇಡತೊಡಗಿದಳು. ಕೈಗೆ ಅಂಟಿದರೆ ತಾನೆ ತೊಳೆಯುವ ಕಷ್ಟ? ನಾನು ಎದುರಿಗಿದ್ದರೆ ಕೋನಪ್ಪನವರು ನಾಚಿಕೊಂಡು ಆಕಾಶ ನೋಡುತ್ತ ಬಾಯಿ ತೆರೆಯುವರು.

"ನೀವೂ ಒಂದಿನ ನಂಗೆ ಹಿಂಗೇ ಇಡ್ಬೇಕು, ನೆನಪಿರ್ಲಿ," ಎಂದು ಅವಳು ಕಾಡಿಸುವಳು.

"ಇಡಣ ಬಿಡೇ. ನಿನ್ ಕೈಗೇನಾಗಿದೆ ಈಗ?"

ಅವಳ ಕೈಗೆ ಏನಾಗಿದೆ ಎಂದು ಆಗ ಯಾರೂ ಯೋಚಿಸಲಿಲ್ಲ. ಅವಳೂ ಯೋಚಿಸಲಿಲ್ಲ, ನಾನೂ ಇಲ್ಲ. ಊರಿನಲ್ಲಿ ಹೊಗೆಸೊಪ್ಪು ಎಂದರೆ ಗಂಡಸರ ಕೈ. ಅಮ್ಮಾಜಮ್ಮನವರ ಕಟ್ಟಳೆಯೂ ಗಂಡಸರ ಕೈಗೇ. ಹೆಂಗಸರ ಕೈಯನ್ನು ಬಾಗಿಲಲ್ಲಿ ಯಾರೂ ಮೂಸುತ್ತಿರಲಿಲ್ಲ. ಹುಳಕ್ಕೆ ಸೊಪ್ಪು ಹಾಕುತ್ತಿದ್ದವರು ಕೋನಪ್ಪ; ಕದಿರಮ್ಮ ಒಲೆ ನೋಡಿಕೊಂಡು, ಪಾತ್ರೆ ತೊಳೆದು, ಕೈ ತಾನಾಗಿಯೇ ಶುದ್ಧವಾದ ಮೇಲೆ ತಟ್ಟೆಯ ಕಸ ತೆಗೆಯಲು ಹೋಗುತ್ತಿದ್ದಳು. ಹಾಗಾಗಿ ಕೆಲವು ದಿನ ಏನೂ ಆಗಲಿಲ್ಲ.

ಅದೊಂದು ಭಾನುವಾರ. ಹುಳ ನಾಲ್ಕನೆಯ ಜ್ವರದಿಂದ ಎದ್ದಿದ್ದವು. ಹುಳ ಪೊರೆ ಬಿಡುವುದಕ್ಕೆ ಇಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೆಯದರಿಂದ ಎದ್ದ ಮೇಲೆ ಅವಕ್ಕೆ ಹಸಿವೋ ಹಸಿವು. ಬೆಳಗ್ಗೆ ಮಳೆ ಹನಿದು ಸೊಪ್ಪು ಒದ್ದೆಯಾಗಿತ್ತು. ಒದ್ದೆ ಸೊಪ್ಪು ಹಾಕುವಂತಿಲ್ಲ, ಆರುವ ತನಕ ಕಾಯಬೇಕು. ಕೋನಪ್ಪ ಒಲೆಯ ಹತ್ತಿರ ಕಾದರು. ಕದಿರಮ್ಮ ಎಲೆ ಮಡಿಸಿ ಬಾಯಿಗಿಟ್ಟಳು. ಅಷ್ಟರಲ್ಲಿ ಒಳಗಿನಿಂದ ಅಮ್ಮಾಜಮ್ಮನವರ ಕೂಗು:

"ಒರೇ ಕೋನಪ್ಪಾ! ಹುಳ ತಲೆ ಎತ್ತಿ ನನ್ನೇ ನೋಡ್ತಿದಾವೆ! ಸೊಪ್ಪು ಆರ್ತು, ಇಬ್ರೂ ಬರ್ರೋ!"

ಕದಿರಮ್ಮ ಕೈಯನ್ನು ಸೆರಗಿಗೆ ಒರೆಸಿಕೊಂಡು ಓಡಿದಳು. ಒಂದು ಕಡೆಯ ತಟ್ಟೆಗಳಿಗೆ ಅವರು, ಇನ್ನೊಂದು ಕಡೆಯವಕ್ಕೆ ಇವಳು ಸೊಪ್ಪು ಹರಡಿದರು.

ಮಧ್ಯಾಹ್ನದ ಊಟ ಮುಗಿಯುವ ಹೊತ್ತಿಗೆ ಅವಳು ಹರಡಿದ ಕಡೆಯ ಹುಳ ತಲೆ ಹಿಂದಕ್ಕೆ ಚೆಲ್ಲಿ ಹೊರಳಾಡುತ್ತಿದ್ದವು. ಬಾಯಿಂದ ಹಸಿರು ನೀರು. ಅಮ್ಮಾಜಮ್ಮನವರಿಗೆ ಒಂದೇ ನೋಟ ಸಾಕಾಯಿತು.

"ಹೊಗೆಸೊಪ್ಪು," ಎಂದರು. "ಕೋನಪ್ಪಾ, ಕೈ ತೋರ್ಸು."

ತೋರಿಸಿದರು. ಮೂಸಿದರು. ಏನೂ ಇಲ್ಲ. ಇನ್ನೊಂದು ಕೈ. ಅದರಲ್ಲೂ ಇಲ್ಲ. ಪಂಚೆಯ ಮಡಿಕೆ ಬಿಡಿಸಿ ಕೊಡವಿಸಿದರು. ಮುದುಕಿಯ ಮುಖದಲ್ಲಿ ಸಿಟ್ಟಿಗಿಂತ ಗೊಂದಲವೇ ಹೆಚ್ಚಾಗಿತ್ತು. ನಾನು ಬಾಗಿಲಲ್ಲಿ ನಿಂತಿದ್ದೆ. ಕದಿರಮ್ಮ ತನ್ನ ಬಲಗೈಯನ್ನು ತಾನೇ ಮೂಗಿಗೆ ಹಿಡಿದುಕೊಂಡದ್ದು ನನಗೆ ಕಂಡಿತು. ಸುಮ್ಮನಿದ್ದಿದ್ದರೆ ಯಾರೂ ಅವಳನ್ನು ಕೇಳುತ್ತಿರಲಿಲ್ಲ. ಅವಳು ಮುಂದೆ ಬಂದು ಕೈ ಚಾಚಿದಳು.

"ನನ್ ಕೈ ನೋಡಿ ಅತ್ತಮ್ಮ."

ಅಮ್ಮಾಜಮ್ಮನವರು ಮೂಸಿ ಹಿಂದೆ ಸರಿದರು. "ಏಮೇ! ನೀನೂ ಹಾಕ್ತೀಯಾ?"

"ಇಲ್ಲ. ಅವ್ರ ಬಾಯಿಗೆ ಇಟ್ಟೆ."

"ಯಾಕೆ? ಅವನ ಕೈ ಸೇದೋಗಿದ್ಯಾ?"

"ಅವ್ರ ಕೈಗೆ ಅಂಟಬಾರ್ದು ಅಂತ. ತೊಳ್ದು ತೊಳ್ದು ಒಡ್ದೋಗಿತ್ತು, ರಕ್ತ ಬರ್ತಿತ್ತು. ಹುಳಕ್ಕೂ ಒಳ್ಳೇದು, ಅವ್ರಿಗೂ ಒಳ್ಳೇದು ಅಂದ್ಕೊಂಡೆ." ಚಾಚಿದ ಕೈ ಹಾಗೇ ಇತ್ತು. "ಬಸ್ಸು ಹತ್ತಿಸ್ಬೇಡಿ ಅತ್ತಮ್ಮ."

ಅಮ್ಮಾಜಮ್ಮನವರು ಕೋನಪ್ಪನ ಅಂಗೈಯನ್ನು ಮತ್ತೆ ಹಿಡಿದರು, ಈ ಸಲ ಮೂಸಲಿಕ್ಕಲ್ಲ. ಬಿರುಕುಗಳನ್ನು ನೋಡಿದರು. ಆಮೇಲೆ ಅವರು ನಕ್ಕದ್ದು ನನಗೆ ಇನ್ನೂ ಕೇಳಿಸುತ್ತದೆ. ಹೊಟ್ಟೆಯೊಳಗಿಂದ ಬಂದ ನಗು. ನಗುತ್ತ ನಗುತ್ತ ಅಟ್ಟಣೆಯ ಬಿದಿರು ಹಿಡಿದುಕೊಂಡು ಕಣ್ಣೊರೆಸಿಕೊಂಡರು.

"ನನ್ ಗಂಡ ಇರೋವಾಗ ದಿನಾ ಕೈ ಮೂಸೋದು, ದಿನಾ ಜಗಳ. ಅವ್ರ ಅಂಗೈ ಹೆಂಗಿತ್ತು ಅಂತ ಒಂದಿನ ನೋಡ್ಲಿಲ್ಲ ಕಣೇ ನಾನು. ಪೋನೀಲೇ, ಹೋಗಿದ್ದು ಹೋಯ್ತು. ಈ ತಟ್ಟೆ ಹುಳ ತಗೊಂಡೋಗಿ ಹೂತಾಕಿ, ತಟ್ಟೆ ಬಿಸಿಲಿಗಿಡಿ. ಆ ಕಡೇವು ಚೆನ್ನಾಗಿವೆ." ಆಮೇಲೆ ಅಳಿದುಳಿದ ಗತ್ತನ್ನೆಲ್ಲ ಸೇರಿಸಿಕೊಂಡು ಕೋನಪ್ಪನ ಕಡೆ ತಿರುಗಿದರು. "ನೀನು ಹೊಗೆಸೊಪ್ಪು ಬಿಡು. ಇಲ್ಲಾಂದ್ರೆ ಬಸ್ಸು ಹತ್ತು. ಒಬ್ನೇ. ಇವ್ಳು ಇಲ್ಲೇ ಇರ್ತಾಳೆ."

ಕೋನಪ್ಪನವರು ಅವತ್ತೇ ಬಿಟ್ಟರು. ಹೊಗೆಸೊಪ್ಪಿನ ಸಂಚಿ ಒಲೆಗೆ ಹೋಯಿತು. ಅದರ ಘಾಟಿಗೆ ಓಣಿಯವರೆಲ್ಲ ಕೆಮ್ಮಿದರು. ಉಳಿದ ಹುಳ ಬೆಳೆದು ಹಣ್ಣಾಗಿ, ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಹತ್ತಿ ಗೂಡು ಕಟ್ಟಿದವು. ಮೂರನೆಯ ಬೆಳೆಯ ತೀರ್ಪು ಏನು ಎಂದು ಅಮ್ಮಾಜಮ್ಮನವರು ಬಾಯಿ ಬಿಟ್ಟು ಹೇಳಲಿಲ್ಲ. ಮನೆಗೆ ಸುಣ್ಣ ಬಳಿದ ದಿನ ಬಂದು, ಗೂಟದಲ್ಲಿ ತೂಗುತ್ತಿದ್ದ ಮಲ್ಲಿಗೆ ದಂಡೆಯನ್ನು ತೆಗೆದು ಕದಿರಮ್ಮನ ಮುಡಿಗೆ ಸಿಕ್ಕಿಸಿ ಹೋದರು.

ಹೊಗೆಸೊಪ್ಪು ಬಿಟ್ಟ ಮೇಲೆ ಕೋನಪ್ಪನವರಿಗೆ ಒಲೆಯ ಹತ್ತಿರ ಕೂರುವ ಕಾರಣವೇ ಇರಲಿಲ್ಲ. ಆದರೂ ಮಣೆ ಅಲ್ಲೇ ಇತ್ತು, ಅವರೂ ಅಲ್ಲೇ ಇದ್ದರು. ಬರೀ ಎಲೆಅಡಿಕೆಯನ್ನು ಅವಳು ಬಾಯಿಗಿಡುವುದೂ ನಿಲ್ಲಲಿಲ್ಲ. ಗಂಗುಲಪ್ಪನವರಿಗೆ ಹಾಸ್ಯ ಮಾಡಿ ಮಾಡಿ ಸಾಕಾಯಿತು. ಒಂದು ಸಂಜೆ ನಾನು ಅವರ ಮನೆಯ ಮುಂದೆ ಹಾದುಬರುವಾಗ ಅವರು ಜಗುಲಿಯ ಮೇಲೆ, ಹೆಂಡತಿ ಅಕ್ಕಯಮ್ಮನ ಪಕ್ಕ, ಹುರುಳಿಕಾಯಿಯ ನಾರು ತೆಗೆಯುತ್ತಿದ್ದರು. ನಾನು ನೋಡದವಳ ಹಾಗೆ ಬಂದೆ.

೧೯೬೧ರಲ್ಲಿ ಅವರು ರಸ್ತೆಯ ಪಕ್ಕ ಸ್ವಂತ ಮನೆ ಕಟ್ಟಿದರು. ಹುಳಕ್ಕೆ ಬೇರೆ ಮನೆ, ಜನಕ್ಕೆ ಬೇರೆ ಮನೆ. ಗಾರೆ ಕೆಲಸದ ವೆಂಕಟರಾಯಪ್ಪನವರು ಹೊಗೆಗೂಡು ಇರುವ ಅಡಿಗೆಮನೆ ಕಟ್ಟಿ, ನಿಂತೇ ಅಡಿಗೆ ಮಾಡುವ ಹಾಗೆ ಕಟ್ಟೆಯನ್ನೂ ಏರಿಸಿದ್ದರು. ಕದಿರಮ್ಮ ನೋಡಿ, ಚೆನ್ನಾಗಿದೆ ಅಂದಳು. ಆಮೇಲೆ ಹಿತ್ತಲಿಗೆ ಕರೆದುಕೊಂಡು ಹೋಗಿ, "ಇಲ್ಲೊಂದು ಒಲೆ ಹಾಕ್ಕೊಡಿ ಅಣ್ಣಯ್ಯ, ಪಕ್ಕದಲ್ಲೇ ಕೂರೋಕೊಂದು ಕಟ್ಟೆ," ಎಂದಳು.

"ಒಳಗಿನ ಒಲೇಗೆ ಏನಾಯ್ತಮ್ಮ?"

"ಅದು ಒಬ್ರು ನಿಲ್ಲೋ ಜಾಗ."

ಆ ಒಲೆಯ ಹತ್ತಿರ ಅವರ ಇಬ್ಬರು ಮಕ್ಕಳು ಬೆಳೆದರು. ನನಗೆ ಚಿಂತಾಮಣಿಗೆ ವರ್ಗವಾದ ಮೇಲೂ ನಾನು ಭಾನುವಾರದ ಬಸ್ಸಿಗೆ ಬಂದು ಅಲ್ಲಿ ಕೂರುತ್ತಿದ್ದೆ. ಒಬ್ಬಳೇ ಇರುವವಳಿಗೆ ಒಂದು ಮನೆಯೊಳಗೆ ಜಾಗ ಸಿಗುವುದು ಸುಲಭವಲ್ಲ. ಅವರ ಒಲೆ ಹೊರಗೇ ಇದ್ದದ್ದರಿಂದ ನಾನು ಯಾರ ಹೊಸ್ತಿಲನ್ನೂ ದಾಟಬೇಕಾಗಿರಲಿಲ್ಲ.

ಹೋದ ವರ್ಷ ಅವಳಿಗೆ ಎದೆಯ ಕಾಯಿಲೆ ಎಂದು ಚಿಕ್ಕಬಳ್ಳಾಪುರದ ಡಾಕ್ಟರು ಹೇಳಿದರು. ಕೊನೆಯ ದಿನಗಳಲ್ಲಿ ಕೈ ಎತ್ತುವ ಶಕ್ತಿಯೂ ಇರಲಿಲ್ಲ. ಹಿತ್ತಲ ಕಟ್ಟೆಗೆ ಒರಗಿಸಿ ಕೂರಿಸಿದರೆ ಸಾಕು ಎನ್ನುತ್ತಿದ್ದಳು. ನಾನು ಹೋಗಿದ್ದ ಒಂದು ದಿನ ಕೋನಪ್ಪನವರೇ ರಾಗಿಗಂಜಿ ಕಾಯಿಸಿ, ಆರಿಸಿ, ಹತ್ತಿರ ತಂದರು. ಚಮಚ ಬಾಯಿಗೆ ಮುಟ್ಟಿಸುವ ಮೊದಲು ಅವಳು ತಡೆದಳು.

"ಕೈ ತೋರ್ಸಿ ಮೊದ್ಲು."

ಅವರು ತೋರಿಸಿದರು. ಅವಳು ಗಂಭೀರವಾಗಿ ಮೂಸಿದಳು.

"ಪಾಸು. ಇವತ್ತು ಬಸ್ಸಿಲ್ಲ," ಎಂದಳು. ನಾವು ಮೂವರೂ ನಕ್ಕೆವು. ಅವಳು ಎರಡು ಚಮಚ ಕುಡಿದು, "ಕೊನೆಗೂ ಇಟ್ರಲ್ಲ," ಎಂದಳು.

ತಿಥಿಯ ದಿನ ಎಡೆಯ ಅಡಿಗೆ ಆಗಿದ್ದು ಆ ಹೊರಗಿನ ಒಲೆಯಲ್ಲೇ. ನೆಂಟರು ಒಳಗೆ ಅನುಕೂಲ ಎಂದರು. ಕೋನಪ್ಪನವರು ಕೇಳಲಿಲ್ಲ. ನಾನು ಹೊರಡುವಾಗ, "ಅವರೆಕಾಯಿ ಬಂದ್ಮೇಲೆ ಬನ್ನಿ ಟೀಚರಮ್ಮ, ಮರೀಬೇಡಿ," ಎಂದರು.

ಹೋದ ಭಾನುವಾರ ಹೋಗಿದ್ದೆ. ಮೊರದ ತುಂಬ ಕಾಯಿ ಇತ್ತು. ಅವರು ಬಾನಿಯಲ್ಲಿ ಕೈ ತೊಳೆದು ಬಂದು ಮಣೆಯ ಮೇಲೆ ಕೂತರು. ನಾನು ಕಟ್ಟೆಯ ಮೇಲೆ ಕೂತೆ. ಸುಲಿಯತೊಡಗಿದೆವು. ಸ್ವಲ್ಪ ಹೊತ್ತಾದ ಮೇಲೆ ಅವರು, "ಏನೋ ಕಥೆ ಓದ್ತಿದ್ರಲ್ಲ, ಅದು ಎಲ್ಲಿಗೆ ಬಂತು?" ಎಂದು ಕೇಳಿದರು. ನಾನು ಹೇಳಿದೆ.