ಹತ್ತು ಮೊಳದ ಧ್ವನಿ

ನನಗೊಂದು ಕೆಟ್ಟ ಚಟವಿದೆ. ಯಾರಾದರೂ ಒಬ್ಬ ಗಾಯಕನನ್ನು ಹೊಗಳತೊಡಗಿದರೆ ಸಾಕು, ಅವರ ಮಾತು ಮುಗಿಯುವ ಮೊದಲೇ ‘ನೀವು ಎಷ್ಟು ದೂರ ಕೂತು ಕೇಳಿದಿರಿ?’ ಎಂದು ಕೇಳಿಬಿಡುತ್ತೇನೆ. ರಾಗ ಯಾವುದು, ತಾಳ ಯಾವುದು ಎಂದು ವಿಚಾರಿಸಿದರೆ ರಸಿಕ ಅನ್ನುತ್ತಾರೆ. ದೂರ ವಿಚಾರಿಸಿದರೆ ಇವನೇನು ಸರ್ವೇ ಖಾತೆಯವನೋ ಎಂಬಂತೆ ನೋಡುತ್ತಾರೆ. ನೋಡಲಿ. ಕೆಲವರ ಹಾಡು ನೂರು ಮಾರಿನ ಆಚೆಯಿಂದ ಚಂದ. ಹತ್ತಿರ ಹೋದರೆ ಕಾಣುವುದು ಕುತ್ತಿಗೆಯ ಉಬ್ಬಿದ ನರ ಮಾತ್ರ. ಇನ್ನು ಕೆಲವರದನ್ನು ಅವರು ಉಸಿರೆಳೆದುಕೊಳ್ಳುವುದು ಕೇಳಿಸುವಷ್ಟು ಸಮೀಪ ಕೂತೇ ಕೇಳಬೇಕು. ಈ ಹಟ ನನಗೆ ಪುಸ್ತಕದಿಂದ ಬಂದದ್ದಲ್ಲ. ಶಿಗ್ಗಾವಿಯ ಒಂದು ಹತ್ತಿ ವಖಾರಿಯಿಂದ ಬಂದದ್ದು.

ಅದು ಎರಡನೆಯ ಮಹಾಯುದ್ಧದ ಕಾಲ. ನಾನು ಅಲ್ಲಿ ಕನ್ನಡ ಶಾಲೆಯ ಮಾಸ್ತರ. ಅಕ್ಷರ ದುಂಡಗಿವೆ ಎಂಬ ಒಂದೇ ಗುಣದಿಂದ ಊರಿನ ಅಂಗಡಿಗಳ ಫಲಕ, ಬಂದ ನಾಟಕ ಕಂಪನಿಗಳ ಬೋರ್ಡು, ಎಲ್ಲವನ್ನೂ ನಾನೇ ಬರೆಯುತ್ತಿದ್ದೆ. ಸವಣೂರಿನ ವೀಳ್ಯದೆಲೆ ವ್ಯಾಪಾರಿ ಖಾದರಸಾಬ ನನ್ನ ಗೆಳೆಯ. ವಾರದ ಸಂತೆಗೆ ಎಲೆಯ ಬುಟ್ಟಿಗಳೊಂದಿಗೆ ಬರುತ್ತಿದ್ದ ಆತ ಸಂಗೀತದ ಹುಚ್ಚಿಗೆ ಬಿದ್ದು, ಹತ್ತಿ ಇಲ್ಲದೆ ಖಾಲಿ ಬಿದ್ದಿದ್ದ ಒಂದು ತಗಡಿನ ವಖಾರಿಯನ್ನು ಹಿಡಿದು ಅದಕ್ಕೊಂದು ಕಟ್ಟೆ ಕಟ್ಟಿಸಿ ಥಿಯೇಟರು ಎಂದು ಕರೆದ. ಒತ್ತಿ ಕೂತರೆ ಇನ್ನೂರು ಜನ. ದೊಡ್ಡ ಕಂಪನಿಯ ಪರದೆಗಳು ಅದರೊಳಗೆ ಬಿಚ್ಚಿಕೊಳ್ಳುವುದೂ ಸಾಧ್ಯವಿರಲಿಲ್ಲ. ಹಾಗಾಗಿ ಆತನ ಯೋಚನೆ ಬೇರೆ: ಹೆಸರಾದ ಒಬ್ಬರನ್ನು ಕರೆಸಿ ಹನ್ನೆರಡು ದಿನ ಮುಕ್ಕಾಂ ಮಾಡಿಸುವುದು, ದಿನಾ ಹಾಡಿಸುವುದು. ಸೀಮೆಎಣ್ಣೆಗೆ ರೇಶನ್ನು ಬಂದಿದ್ದರಿಂದ ಹಾಡಿಕೆ ಇಳಿಹೊತ್ತಿನಲ್ಲಿ, ದೀಪ ಹಚ್ಚುವುದರೊಳಗೆ ಮುಗಿಯಬೇಕು.

ಯಾರನ್ನು ಕರೆಸುವುದು? ಈ ಪ್ರಶ್ನೆ ಊರನ್ನು ಒಂದು ತಿಂಗಳು ಕೆಲಸಗೆಡಿಸಿತು. ಊರಿನ ವಕೀಲರು (ಹೆಸರು ಬೇಡ, ಮೊಮ್ಮಕ್ಕಳು ಒಳ್ಳೆಯವರು) ಪ್ರಸಿದ್ಧ ಕಂಪನಿಯೊಂದರ ನಾಯಕನಟನ ಪಕ್ಷ. ಆತ ಪದ ಎತ್ತಿದರೆ ನಾಟಕದ ಮಂಟಪದ ಮೇಲಿನ ಪಾರಿವಾಳ ಹಾರುತ್ತಿದ್ದವು, ನಿಜ. ಆದರೆ ನಮ್ಮ ವಖಾರಿಯಲ್ಲಿ ಪಾರಿವಾಳದ ಜೊತೆ ತಗಡೂ ಹಾರೀತು ಎಂದು ನಾನೆಂದೆ. ಚಹದಂಗಡಿಯವರೆಲ್ಲ ಗ್ರಾಮೋಫೋನ್ ತಟ್ಟೆಗಳಿಂದ ಹೆಸರಾದ ಗಾಯಕಿಯೊಬ್ಬರ ಪಕ್ಷ. ಆಕೆಯನ್ನು ನಾನು ಬಂಕಾಪುರದ ಒಂದು ಮದುವೆಯಲ್ಲಿ ಕೇಳಿದ್ದೆ. ಮೂರು ಮಿನಿಟು ಅಮೃತದಂತೆ ಹಾಡಿ ಸುಮ್ಮನಾದರು. ಯಾರೋ ಬಂದು ತಟ್ಟೆ ಮಗುಚಿ ಹಾಕಲಿ ಎಂದು ಕಾಯುವವರಂತೆ ಕಂಡರು. ಸಿನೆಮಾದವರನ್ನು ಕರೆಸೋಣ ಎಂದರೆ, ಯಾವ ಮುಖಕ್ಕೆ ಯಾವ ಕಂಠ ಎಂಬುದು ಆಗಲೇ ಅನುಮಾನಕ್ಕೆ ಬಂದಿತ್ತು.

ಹೀಗೆ ನಾನು ಎಲ್ಲರನ್ನೂ ತಳ್ಳಿಹಾಕಿ ಮನೆಗೆ ಬಂದು ಜಂಬ ಕೊಚ್ಚುತ್ತಿದ್ದಾಗ ರೊಟ್ಟಿ ಬಡಿಯುತ್ತಿದ್ದ ನನ್ನ ಹೆಂಡತಿ ಪಾರ್ವತೆವ್ವ ತಲೆ ಎತ್ತದೆ ಕೇಳಿದಳು: “ರಾಣಿ ನಾಗಪ್ಪ ಎಲ್ಲಿದ್ದಾನು?”

ಹೆಸರು ಕೇಳಿ ನನಗೆ ನಾಚಿಕೆಯಾಯಿತು. ಹೆಣ್ಣುಮಕ್ಕಳು ರಂಗಕ್ಕೆ ಬರುವ ಮೊದಲು ಹದಿನೈದು ವರ್ಷ ನಮ್ಮ ಕಡೆಯ ಎಲ್ಲ ರಾಣಿಯರೂ ನಾಗಪ್ಪನೇ. ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ನಮ್ಮ ಹೆಂಗಸರು ಸೆರಗು ಹೊದೆಯುವುದನ್ನು ಆತನನ್ನು ನೋಡಿಯೇ ತಿದ್ದಿಕೊಂಡಿದ್ದರು. ಆಮೇಲೆ ನಿಜವಾದ ನಟಿಯರು ಬಂದರು, ಆತನಿಗೆ ಗಂಟಲ ಬೇನೆ ಬಂತು, ಕಂಪನಿಯವರು ಒಂದು ಹಾರ ಹಾಕಿ ಕಳಿಸಿಕೊಟ್ಟರು. ನಾವೂ ಮರೆತೆವು.

ಇದ್ದಲಿ ಗ್ಯಾಸಿನ ಬಸ್ಸಿನಲ್ಲಿ, ಏರು ಬಂದಲ್ಲೆಲ್ಲ ಇಳಿದು ತಳ್ಳುತ್ತ, ನಾನೂ ಖಾದರಸಾಬನೂ ಚಿಕ್ಕೇರೂರು ಮುಟ್ಟಿದೆವು. ನಾಗಪ್ಪ ಶೇಂಗಾ ಹೊಲದಲ್ಲಿ ಕಳೆ ತೆಗೆಯುತ್ತಿದ್ದ. ರಾಣಿಯ ಕೈಯಲ್ಲಿ ಕಳೆ ಕೀಳುವ ಕುರ್ಚಿಗಿ ಕಂಡು ಖಾದರಸಾಬನ ಕಣ್ಣು ಒದ್ದೆಯಾದವು. ನಾಗಪ್ಪನಿಗೆ ಮಾತ್ರ ಅದರಲ್ಲಿ ದುಃಖಪಡುವಂಥದ್ದೇನೂ ಕಾಣಲಿಲ್ಲ. ಬದುವಿನ ಮೇಲೆ ಕೂಡಿಸಿ, ಹಸಿ ಶೇಂಗಾ ಕಿತ್ತು ಕೊಟ್ಟು, ನಮ್ಮ ಮಾತನ್ನೆಲ್ಲ ಕೇಳಿದ. ಆಮೇಲೆ ಹೇಳಿದ:

“ನನ್ನ ಧ್ವನಿ ಈಗ ಹತ್ತ ಮೊಳ ಅಷ್ಟ ಹೋಗ್ತೈತ್ರಿ ಮಾಸ್ತರ. ಅದರಾಚೆ ಹೋಗಂದ್ರ ಹೋಗೂದಿಲ್ಲ.”

ಹತ್ತು ಮೊಳವೇ ನಮಗೆ ಬೇಕಾದದ್ದು ಎಂದೆ. ಆತ ಒಂದು ಕರಾರು ಹಾಕಿದ: ಲೌಡ್‌ಸ್ಪೀಕರು ಕೂಡದು. ಅದರಲ್ಲಿ ಕೇಳಿಸುವುದು ತನ್ನ ಧ್ವನಿಯಲ್ಲ, ತನ್ನ ಬೇನೆ ಎಂದ.

ಸುದ್ದಿ ಊರಿಗೆ ಮುಟ್ಟಿದ ಕೂಡಲೇ ವಕೀಲರಿಗೆ ನಗೆ ಬಂತು. ಆ ಮುದುಕ ಸೀರೆ ಉಟ್ಟು ಹಾಡುವುದಾದರೆ ತಮಾಷೆಗಾದರೂ ಜನ ಬಂದಾರು ಎಂದು ಅವರು ಖಾದರಸಾಬನಿಗೆ ಸಲಹೆ ಕೊಟ್ಟರು. ಲೌಡ್‌ಸ್ಪೀಕರನ್ನು ತಾವೇ ತರಿಸಿಕೊಡುವುದಾಗಿಯೂ ಹೇಳಿದರು. ಮುಕ್ಕಾಮಿಗೆ ಬಂದಿಳಿದ ನಾಗಪ್ಪನಿಗೆ ನಾನು ಇದನ್ನು ಬಳಸಿ ಬಳಸಿ ತಿಳಿಸಿದೆ. ಆತ ಪೆಟ್ಟಿಗೆಯಿಂದ ಬಿಳಿ ಧೋತರ, ರುಮಾಲು ತೆಗೆದು ಕೊಡವುತ್ತ ಅಂದ: “ಸೀರಿ ಉಟ್ಟಾಗ ಯಾರೂ ನಕ್ಕಿಲ್ಲರಿ. ಈಗ ನಗಸಾಕ ಉಡೂದಿಲ್ಲ.”

ಮೊದಲ ದಿನದ ಕೂರುವ ವ್ಯವಸ್ಥೆ ಹೇಳಬೇಕು. ಮುಂದೆ ಕ್ಲಬ್ಬಿನಿಂದ ತಂದ ಕುರ್ಚಿಗಳು, ವಕೀಲರಿಗೆ ಮತ್ತು ಅವರಂಥವರಿಗೆ. ಹಿಂದೆ ಬಾಕು ಎಂಬ ಉದ್ದ ಬೆಂಚುಗಳು, ಅವುಗಳ ಹಿಂದೆ ಚಾಪೆ. ಎಡಕ್ಕೆ ಬಿದಿರಿನ ತಟ್ಟಿಯ ಮರೆಯಲ್ಲಿ ಹೆಂಗಸರು. ‘ಕುರ್ಚಿ’, ‘ಬಾಕು’, ‘ಚಾಪೆ’, ‘ಸ್ತ್ರೀಯರಿಗೆ’ ಎಂಬ ನಾಲ್ಕು ಬೋರ್ಡುಗಳನ್ನು ನಾನೇ, ದುಂಡಾದ ಅಕ್ಷರಗಳಲ್ಲಿ, ನೆರಳು ಬಿಡಿಸಿ ಬರೆದಿದ್ದೆ. ಐದನೆಯ ಜಾಗಕ್ಕೆ ಬೋರ್ಡು ಇರಲಿಲ್ಲ. ಊರಾಚೆಯ ಕೇರಿಯ ಜನ ಹಿಂಬದಿಯ ತೆರೆದ ಬಾಗಿಲಿನ ಆಚೆ, ಬಯಲಲ್ಲಿ ನಿಲ್ಲುತ್ತಿದ್ದರು. ಪ್ರತಿ ನಾಟಕಕ್ಕೂ ಅವರು ಹಾಗೆಯೇ ನಿಂತವರು. ಎಲ್ಲೂ ಬರೆಯದ, ಎಲ್ಲರಿಗೂ ಗೊತ್ತಿದ್ದ ಏರ್ಪಾಡು ಅದು. ಅದರಲ್ಲಿ ತಪ್ಪಿದೆ ಎಂದು ಬೋರ್ಡು ಬರೆದ ನನಗೂ ಒಂದು ಕ್ಷಣವೂ ಹೊಳೆಯಲಿಲ್ಲ.

ಇಲ್ಲಿ ಸ್ವಲ್ಪ ಅಡ್ಡದಾರಿ ಹಿಡಿಯುತ್ತೇನೆ. ಹಾನಗಲ್ಲಿನ ಹಳೆಯ ಗುಡಿಯ ಮಂಟಪವನ್ನು ನೀವು ನೋಡಿರಬೇಕು. ನಡುವೆ ನಿಂತು ಒಬ್ಬರು ಹಾಡಿದರೆ ಸುತ್ತಲೂ ಕೂತವರಲ್ಲಿ ಯಾರೂ ದೂರದವರಲ್ಲ; ನಮ್ಮ ಹಿರಿಯರಿಗೆ ಹಾಡಿನ ಅಳತೆ ಗೊತ್ತಿತ್ತು ಎಂದು ನಾನು ಮಕ್ಕಳನ್ನು ಕರೆದುಕೊಂಡು ಹೋದಾಗಲೆಲ್ಲ ಭಾಷಣ ಮಾಡುತ್ತಿದ್ದೆ. ಆ ಮಂಟಪದೊಳಗೆ ಯಾರು ಯಾರು ಕೂರಬಹುದಾಗಿತ್ತು ಎಂದು ಒಬ್ಬ ಹುಡುಗನೂ ನನ್ನನ್ನು ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ. ಆಡೂರಿನ ಶಾಸನವನ್ನು ಕೂಡ ಮಕ್ಕಳಿಗೆ ತೋರಿಸುತ್ತಿದ್ದೆ. ಕಲ್ಲಿನ ಮೇಲೆ ಬರೆದದ್ದನ್ನು ಕಷ್ಟಪಟ್ಟು ಓದುವ ನಾವು ಬರೆಯದೆ ಬಿಟ್ಟದ್ದನ್ನು ಓದುವುದಿಲ್ಲ.

ನಾಗಪ್ಪ ಕಟ್ಟೆಯ ಮೇಲೆ ಕೂತು ಹಾಡು ಶುರುಮಾಡಿದ. ಹಳೆಯ ಕಂಠವಲ್ಲ, ಆದರೆ ಒಂದೊಂದು ಶಬ್ದವನ್ನೂ ಅಂಗೈಯಲ್ಲಿಟ್ಟು ತೋರಿಸುವಂತೆ ಹಾಡಿದ. ಮೊದಲ ಪದದ ಅರ್ಧಕ್ಕೆ ಚಾಪೆಯವರು ‘ಕೇಳಸವಲ್ದು’ ಎಂದು ಗೊಣಗತೊಡಗಿದರು. ವಕೀಲರು ಹಿಂದಿರುಗಿ ನನ್ನನ್ನು ನೋಡಿ, ಸ್ಪೀಕರಿನ ಮಾತನ್ನು ತಾವು ಮೊದಲೇ ಹೇಳಿದ್ದರೆಂದು ನೆನಪಿಸಿದರು. ನಾಗಪ್ಪ ಹಾಡು ನಿಲ್ಲಿಸಿದ. ತನ್ನ ಧ್ವನಿ ಅಲ್ಲಿಗೆ ಬರುವಂತಿಲ್ಲ, ನೀವೇ ಮುಂದಕ್ಕೆ ಸರಿದುಕೊಳ್ಳಬೇಕು ಎಂದು ಮೆತ್ತಗೆ ಹೇಳಿದ. ಬಾಕುಗಳು ಸರಿದವು, ಚಾಪೆಗಳು ಸರಿದವು. ಆಗ ಹಿಂದಿನ ಬಾಗಿಲಿನ ಆಚೆಯಿಂದ ಒಂದು ಗಂಡುದನಿ ಬಂತು. ವಕೀಲರ ಹೊಲದಲ್ಲಿ ದುಡಿಯುತ್ತಿದ್ದ ದುರಗಪ್ಪನದು.

“ನಮಗೂ ಕೇಳಸವಲ್ದ್ರಿ.”

“ಹಂಗಾದ್ರ ನೀವೂ ಬರ್ರಿ.”

“ನಾವು ಹೊರಗಿನವ್ರದೇವ್ರಿ.”

ನಾಗಪ್ಪ ಹಾರ್ಮೋನಿಯಮ್ಮಿನವನಿಗೆ ಕೈ ತೋರಿಸಿ ನಿಲ್ಲಿಸಿದ. “ಹೊರಗ ಕೇಳಸೂ ಹಂಗ ಹಾಡಾಕ ನನ್ನ ಕಡೆ ಧ್ವನಿ ಉಳದಿಲ್ಲಪಾ. ನೀವು ಒಳಗ ಬರೂತನಕ ನಾ ಕುಂದರತೇನಿ.”

ಹಾಗೆಂದವನು ನಿಜಕ್ಕೂ ಕಣ್ಣು ಮುಚ್ಚಿ ಕೂತ. ವಕೀಲರು ಎದ್ದು ನಿಂತು, ಇದನ್ನು ಈಗಲೇ ನಿಲ್ಲಿಸಬೇಕೆಂದು ಖಾದರಸಾಬನಿಗೆ ಹೇಳಿದರು. ಊರಿನ ಮದುವೆ ಮುಂಜಿವೆಗಳಿಗೆ ಎಲೆ ಕೊಳ್ಳುವವರು ಯಾರು ಎಂಬುದನ್ನೂ ನೆನಪಿಸಿದರು. ಅವರು ಶಾಲೆಯ ಕಮಿಟಿಯಲ್ಲಿದ್ದರು. ನನ್ನ ಕಡೆಗೂ ಒಂದು ನೋಟ ಬಂತು. ಆ ಹೊತ್ತಿನಲ್ಲಿ ನಾನೇನು ಮಾಡಿದೆ ಎಂದು ಕೇಳುತ್ತೀರಿ. ಬಾಗಿಲಿನ ಚಿಲಕ ಸರಿಯಾಗಿ ಬೀಳುತ್ತದೋ ಇಲ್ಲವೋ ಎಂದು ಪರೀಕ್ಷಿಸುತ್ತ ನಿಂತಿದ್ದೆ. ಚಿಲಕ ಚೆನ್ನಾಗಿತ್ತು.

ಎದ್ದವಳು ಪಾರ್ವತೆವ್ವ. ತಟ್ಟಿಯ ಮರೆಯಿಂದ ಹೊರಗೆ ಬಂದು, ಕುರ್ಚಿಗಳ ಮುಂದಿನ ಬರೀ ನೆಲದ ಮೇಲೆ, ಕಟ್ಟೆಗೆ ಮೂರು ಮೊಳ ದೂರದಲ್ಲಿ ಕೂತಳು. ಆಕೆಯ ಹಿಂದೆ ಇನ್ನೂ ನಾಲ್ವರು ಹೆಂಗಸರು ಬಂದರು. ಆಕೆ ಬಾಗಿಲಿನ ಕಡೆ ತಿರುಗಿ, “ದುರಗಪ್ಪಾ, ಇಲ್ಲಿ ಜಾಗಾ ಐತಿ, ಬಾ” ಎಂದಳು. ಖಾದರಸಾಬ ಬೆವರು ಒರೆಸಿಕೊಂಡ. ಆಮೇಲೆ ವಕೀಲರಿಗೆ ಕೈಮುಗಿದೇ ಹೇಳಿದ: “ವಖಾರಿ ನಾ ಹಿಡದದ್ದೈತ್ರಿ ಸಾಹೇಬ್ರ. ಹನ್ನೆರಡ ದಿನ ಇದರ ಬಾಗಲಾ ತಗದಿರ್ತೈತಿ. ಎರಡೂ ಬಾಗಲಾ.”

ಕುರ್ಚಿಗಳು ಖಾಲಿಯಾದವು. ಬಾಕಿನವರಲ್ಲಿ ಅರ್ಧ ಜನ ಅವರ ಹಿಂದೆ ಹೋದರು. ದುರಗಪ್ಪನೂ ಒಬ್ಬಳು ಮುದುಕಿಯೂ ಹೊಸ್ತಿಲು ದಾಟಿದರು, ಉಳಿದವರು ದಾಟಲಿಲ್ಲ. ಅವರ ಹೆದರಿಕೆ ನನ್ನ ಚಿಲಕದ ಹೆದರಿಕೆಯಂಥದ್ದಲ್ಲ, ಮರುದಿನದ ಕೂಳಿನದು. ನಾಗಪ್ಪ ಕಣ್ಣು ತೆರೆದು, ಬಿಟ್ಟ ಪದವನ್ನು ಮೊದಲಿನಿಂದ ಎತ್ತಿಕೊಂಡ.

ಮರುದಿನ ಕ್ಲಬ್ಬಿನವರು ಕುರ್ಚಿ ಒಯ್ದರು. ಸಂತೆಯಲ್ಲಿ ಖಾದರಸಾಬನ ಎಲೆ ಬುಟ್ಟಿಯಲ್ಲೇ ಬಾಡಿತು. ದುರಗಪ್ಪನಿಗೆ ಹೊಲಕ್ಕೆ ಬರಬೇಡವೆಂದು ಹೇಳಿಕಳಿಸಿದ್ದರು; ಆತ ಹುಲಗೂರಿನ ಕಡೆ ಕಲ್ಲು ಒಡೆಯುವ ಕೆಲಸ ಹಿಡಿದ, ಮಧ್ಯಾಹ್ನ ಕೆಲಸ ಮುಗಿಸಿ ದೂಳು ಮೈಯಲ್ಲೇ ಹಾಡಿಗೆ ಬಂದು ಕೂತ. ಆ ದಿನ ಕೇಳಿದವರು ಹತ್ತೆಂಟು ಜನ. ಖಾಲಿ ತಗಡಿನ ಕೆಳಗೆ ನಾಗಪ್ಪ ಇನ್ನೂರು ಜನರಿಗೆ ಹಾಡುವಷ್ಟೇ ಹಾಡಿದ. ನಾನು ಅವತ್ತು ಮನೆಗೆ ಬಂದು ಉಣ್ಣಲು ಕೂತಾಗ ಪಾರ್ವತೆವ್ವ ರೊಟ್ಟಿ ಬಡಿಸಿ, ಬಾಗಿಲಿನ ಚಿಲಕ ಸರಿಯಾಗಿ ಬಿದ್ದಿದೆಯೋ ಎಂದು ನೋಡಿಬಂದಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಮೂರನೆಯ ದಿನ ಶಾಲೆ ಬಿಟ್ಟ ಮೇಲೆ ನಾನು ಕುಂಚ, ಬಣ್ಣದ ಡಬ್ಬಿ ಹಿಡಿದು ವಖಾರಿಗೆ ಹೋದೆ. ನಾಲ್ಕೂ ಬೋರ್ಡುಗಳನ್ನು ಇಳಿಸಿದೆ. ಅವುಗಳಲ್ಲಿ ದೊಡ್ಡದನ್ನು ಒರೆಸಿ, ಹೊರಬಾಗಿಲ ಮೇಲೆ ತೂಗುಹಾಕುವಂತೆ ಬರೆದೆ: ‘ಕೇಳಿಸುವಷ್ಟು ಹತ್ತಿರ ಕೂಡಿರಿ.’ ರಸ್ತೆಯಲ್ಲಿ ಹೋಗುವವರು ನಿಂತು ನೋಡಿದರು. ಅಕ್ಷರ ಈ ಸಲ ಅಷ್ಟು ದುಂಡಗಾಗಲಿಲ್ಲ. ನೆರಳು ಬಿಡಿಸುವ ಗೋಜಿಗೂ ಹೋಗಲಿಲ್ಲ.

ಜನ ಬಂದರು. ಒಂದೇ ಸಲಕ್ಕಲ್ಲ, ಐದನೆಯ ದಿನ ಒಂದಿಷ್ಟು, ಏಳನೆಯ ದಿನ ಇನ್ನಷ್ಟು. ಕೇರಿಯ ಹೆಂಗಸರು ಬಂದರು, ಬಾಕಿನಿಂದ ಎದ್ದು ಹೋದವರಲ್ಲಿ ಕೆಲವರು ಮುಖ ಓರೆ ಮಾಡಿಕೊಂಡು ಬಂದರು. ಒಂಬತ್ತನೆಯ ದಿನ ನಾಗಪ್ಪ ತನ್ನ ಹಳೆಯ ರಾಣಿಯೊಬ್ಬಳ ಪದ ಎತ್ತಿಕೊಂಡ. ಅಡವಿಗೆ ಅಟ್ಟಿಸಿಕೊಂಡ ರಾಣಿ ಅರಮನೆಯ ಬಾಗಿಲಲ್ಲಿ ನಿಂತು ಹಾಡುವುದು. ಎರಡು ನುಡಿ ಆದವು. ಮೂರನೆಯದು ಆತನಿಗೆ ಮರೆತುಹೋಗಿತ್ತು. ಪಲ್ಲವಿಯನ್ನೇ ತಿರುತಿರುಗಿ ಹಾಡಿದ, ಹಣೆ ತಿಕ್ಕಿಕೊಂಡ, ನಿಂತುಬಿಟ್ಟ. ಅಷ್ಟು ಹೊತ್ತು ಧೋತರದಲ್ಲೂ ರಾಣಿಯಾಗಿದ್ದವನು ಆ ಕ್ಷಣ ಬರೀ ಒಬ್ಬ ದಣಿದ ಒಕ್ಕಲಿಗನಾಗಿ ಕಂಡ.

ದುರಗಪ್ಪ ಕೂತಲ್ಲಿಂದಲೇ ಮೂರನೆಯ ನುಡಿಯನ್ನು ಹೇಳಿದ. ಹಾಡಲಿಲ್ಲ, ಹೇಳಿದ, ಒಂದಕ್ಷರ ತಪ್ಪಿಲ್ಲದೆ. ನಾಲ್ಕನೆಯದನ್ನೂ ಹೇಳಿದ. ನಾಗಪ್ಪ ಕಟ್ಟೆಯ ಅಂಚಿಗೆ ಸರಿದು ಬಂದು, ಇದನ್ನು ಎಲ್ಲಿ ಕಲಿತೆ ಎಂದು ಕೇಳಿದ.

“ನಿಮ್ಮ ನಾಟಕ ಒಂದೂ ಬಿಟ್ಟಿಲ್ಲರಿ,” ಎಂದ ದುರಗಪ್ಪ. “ಹೊರಗ ನಿಂತವ್ರಿಗೆ ನೋಡಾಕ ಏನೂ ಇರತಿದ್ದಿಲ್ಲ. ಬರೇ ಕೇಳೂದಷ್ಟ. ಅದಕ್ಕ ನೆನಪೈತಿ.”

ನಾಗಪ್ಪ ರುಮಾಲು ಸರಿಮಾಡಿಕೊಂಡು ದುರಗಪ್ಪನನ್ನು ಕಟ್ಟೆಯ ಮೇಲೆ ಕರೆದು ಪಕ್ಕದಲ್ಲಿ ಕೂಡಿಸಿಕೊಂಡ. ಉಳಿದ ದಿನಗಳಲ್ಲಿ ಆತ ಮರೆತಲ್ಲೆಲ್ಲ ಈತ ಹೇಳಿದ, ಈತ ಹೇಳಿದ್ದನ್ನು ಆತ ಹಾಡಿದ. ಆತನ ಮರೆವು ಆಮೇಲೆ ಬೇಕೆಂದೇ ಹೆಚ್ಚಾಯಿತು ಎಂದು ನನಗೆ ಅನುಮಾನ.

ಹನ್ನೆರಡು ದಿನ ಪೂರ್ತಿಯಾದವು. ನಾಗಪ್ಪ ತನ್ನ ಶೇಂಗಾ ಹೊಲಕ್ಕೆ ಹೋದ. ಮುಂದಿನ ವರ್ಷ ವಖಾರಿಗೆ ಮತ್ತೆ ಹತ್ತಿ ಬಂತು, ಥಿಯೇಟರು ಎಂಬ ಹೆಸರು ಅಳಿಸಿಹೋಯಿತು. ಮದುವೆಯ ಕಾಲದಲ್ಲಿ ಸವಣೂರಿನ ಎಲೆಯಿಲ್ಲದೆ ಊಟ ಅರಗುವುದಿಲ್ಲವೆಂದು ಗೊತ್ತಾಗಿ, ವಕೀಲರ ಮನೆಯವರೇ ಆಳನ್ನು ಕಳಿಸಿ ಖಾದರಸಾಬನಿಂದ ಎಲೆ ತರಿಸಿದರು. ದುರಗಪ್ಪ ಆ ಹೊಲಕ್ಕೆ ತಿರುಗಿ ಹೋಗಲಿಲ್ಲ. ಅವರು ಕರೆಯಲೂ ಇಲ್ಲ, ಕರೆದಿದ್ದರೂ ಆತ ಹೋಗುತ್ತಿರಲಿಲ್ಲ. ಎಲ್ಲ ಸರಿಹೋಯಿತು ಎಂದು ನಾನು ಹೇಳಲಾರೆ.

ನನಗೆ ಮೇಲಿನಿಂದ ಒಂದು ಕಾಗದ ಬಂತು. ಸಾರ್ವಜನಿಕ ಸ್ಥಳದಲ್ಲಿ ಇದ್ದ ಬೋರ್ಡುಗಳನ್ನು ಶಿಕ್ಷಕನಾದವನು ಯಾವ ಕಾರಣದಿಂದ ಇಳಿಸಿದನೆಂಬುದಕ್ಕೆ ಲಿಖಿತ ಉತ್ತರ ಕೊಡತಕ್ಕದ್ದು. ನಾನು ಮೊದಲು ಎರಡು ಪುಟ ಬರೆದೆ: ಬಣ್ಣ ಹಳೆಯದಾಗಿತ್ತು, ಮೊಳೆ ಸಡಿಲಾಗಿತ್ತು, ಉದ್ದೇಶ ಕೆಟ್ಟದ್ದಿರಲಿಲ್ಲ, ಇತ್ಯಾದಿ. ಪಾರ್ವತೆವ್ವ ಓದಿಸಿಕೊಂಡು ಕೇಳಿದಳು, ಕಾಗದವನ್ನು ಒಲೆಗೆ ಹಾಕಿದಳು, ಹೊಸದೊಂದು ಹಾಳೆ ತಂದಿಟ್ಟಳು. ಅದರಲ್ಲಿ ನಾನು ಒಂದೇ ಸಾಲು ಬರೆದೆ: ‘ಹಿಂದಿನವರಿಗೆ ಹಾಡು ಕೇಳಿಸುತ್ತಿರಲಿಲ್ಲವಾದ್ದರಿಂದ.’

ಉತ್ತರ ಸಮಾಧಾನಕರವಾಗಿಲ್ಲ ಎಂದು ಷರಾ ಹಾಕಿ ನನ್ನನ್ನು ವರ್ಗ ಮಾಡಿದರು. ಇರಬಹುದು. ಆದರೆ ಮೂವತ್ತು ವರ್ಷದ ನೌಕರಿಯಲ್ಲಿ ನನಗೆ ಸಮಾಧಾನ ಕೊಟ್ಟ ಉತ್ತರವನ್ನು ನಾನು ಬರೆದದ್ದು ಅದೊಂದೇ.