ಹೊಸ್ತಿಲು ತೆಗೆಸಿದ ಹೋಟ್ಲಮ್ಮ

ಹೋಟ್ಲಮ್ಮನ ಅಂಗೈಗಳು ಯಾವಾಗಲೂ ಕೆಂಪಗಿರುತ್ತಿದ್ದವು. ಬೆಂದ ರಾಗಿಹಿಟ್ಟನ್ನು ಹಲಗೆಯ ಮೇಲೆ ತೋಡಿ ಹಾಕಿಕೊಂಡು, ಕೈಗೆ ಚೂರು ತಣ್ಣೀರು ಮುಟ್ಟಿಸಿಕೊಂಡು, ಹೊಗೆಯಾಡುವುದನ್ನು ಹಾಗೇ ಉರುಳಿಸಿ ಮುದ್ದೆ ಕಟ್ಟಿಬಿಡುತ್ತಿದ್ದರು. ಬಲಗೈ ಹೆಬ್ಬೆರಳಿನ ಉಗುರು ಎಂದೋ ಒರಳುಕಲ್ಲಿಗೆ ಸಿಕ್ಕಿ ಬಿದ್ದುಹೋಗಿ, ಮತ್ತೆ ಬರುವಾಗ ಸೊಟ್ಟಗೆ ಬಂದಿತ್ತು. ಆ ಸೊಟ್ಟ ಉಗುರಿನ ಗೀರು ಪ್ರತಿ ಮುದ್ದೆಯ ನೆತ್ತಿಯ ಮೇಲೂ ಬೀಳುತ್ತಿತ್ತು. ಗೀರಿಲ್ಲದ ಮುದ್ದೆ ಎಲೆಗೆ ಬಂದರೆ, ಇವತ್ತು ಹೋಟ್ಲಮ್ಮನಿಗೆ ಮೈ ಸರಿಯಿಲ್ಲ, ಬೇರೆ ಯಾರೋ ಕಟ್ಟಿದ್ದಾರೆ ಎಂದು ನಾವು ತಿಳಿದುಕೊಳ್ಳುತ್ತಿದ್ದೆವು.

ದೊಡ್ಡಬಳ್ಳಾಪುರದಲ್ಲಿ ರೈಲು ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಅವರ ಹೋಟೆಲು. ಬೋರ್ಡು ಇರಲಿಲ್ಲ. ಗಂಡ ತೀರಿಕೊಂಡ ಮೇಲೆ, ಗಂಡನ ಅಣ್ಣನವರು ತಮ್ಮ ಮನೆಯ ಮುಂಭಾಗವನ್ನು ಅವರಿಗೆ ಬಿಟ್ಟುಕೊಟ್ಟಿದ್ದರು. ಆ ಭಾವನವರ ಎದುರು ಹೋಟ್ಲಮ್ಮ ಒಂದು ದಿನವೂ ನೇರವಾಗಿ ಮಾತಾಡಿದ್ದಿಲ್ಲ. ಅವರ ಕಡೆಯ ಒಕ್ಕಲು ಮನೆಗಳಲ್ಲಿ ಆಗ ಅದೇ ರೂಢಿ. ಏನಾದರೂ ಹೇಳಬೇಕಾದರೆ ಕಂಬಕ್ಕೋ, ಪಕ್ಕದಲ್ಲಿದ್ದವರಿಗೋ ಹೇಳಿದ ಹಾಗೆ ಹೇಳುವುದು. ಅವರೂ ಕಂಬಕ್ಕೇ ಉತ್ತರ ಕೊಡುವುದು. ಹೊಸದಾಗಿ ಊಟಕ್ಕೆ ಬಂದವರು ಇವರಿಬ್ಬರ ನಡುವೆ ಸಿಕ್ಕಿಕೊಂಡು, ತಮಗೇ ಹೇಳುತ್ತಿದ್ದಾರೇನೋ ಎಂದು ತಬ್ಬಿಬ್ಬಾಗುತ್ತಿದ್ದರು.

ಇನ್ನು ನನ್ನ ವಿಷಯ. ಎಳವೆಯಲ್ಲಿ ಬಂದ ಜ್ವರ ಹೋಗುವಾಗ ನನ್ನ ಕಾಲುಗಳ ಬಲವನ್ನೂ ಕಟ್ಟಿಕೊಂಡು ಹೋಯಿತು. ಮನೆಯಲ್ಲಿ ಕೂತು ಮಗ್ಗಗಳಿಗೆ ನೂಲು ಸುತ್ತಿಕೊಡುವುದು ನನ್ನ ಕಸುಬು. ಪ್ರಾಯಕ್ಕೆ ಬಂದಾಗ ನಮ್ಮ ಬೀದಿಯ ಬಡಗಿಯೊಬ್ಬ ಹಳೆಯ ಬೆತ್ತದ ಕುರ್ಚಿಗೆ ಎರಡು ಸೈಕಲ್ ಚಕ್ರ ಕೂರಿಸಿ, ಹಿಂದೆ ನಡುಮಧ್ಯಕ್ಕೆ ಒಂದು ಸಣ್ಣ ಮರದ ಗಾಲಿ ಹಾಕಿಕೊಟ್ಟ. ಯುದ್ಧದ ಕಾಲ, ಟೈರು ಸಿಗುತ್ತಿರಲಿಲ್ಲ. ಚಕ್ರಕ್ಕೆ ಹಗ್ಗ ಸುತ್ತಿಕೊಂಡು ತಿರುಗುತ್ತಿದ್ದೆ. ಬೀದಿಯಲ್ಲಿ ನಾನು ರಾಜ. ಯಾವುದಾದರೂ ಬಾಗಿಲ ಮುಂದೆ ಬಂದರೆ ಮುಗಿಯಿತು. ಎಷ್ಟು ಮದುವೆ, ಎಷ್ಟು ತಿಥಿ, ಎಲ್ಲವನ್ನೂ ನಾನು ಹೊರಗಿನಿಂದಲೇ ಮುಗಿಸಿದ್ದೇನೆ. ಜನ ಎತ್ತಿಕೊಂಡು ಹೋಗುವುದಿಲ್ಲ ಎಂದಲ್ಲ. ಎತ್ತಿದವರೇ ಇಳಿಸಲು ಬರಬೇಕು, ಅವರ ಮಾತು ಮುಗಿಯುವವರೆಗೆ ನಾವು ಉಚ್ಚೆಗೂ ಏಳುವಂತಿಲ್ಲ. ಅದನ್ನು ಅನುಭವಿಸಿದವರೇ ಬಲ್ಲರು.

ನನಗಿದ್ದ ಹುಚ್ಚು ನಾಟಕದ್ದು. ಪ್ರತಿ ಬೇಸಿಗೆ ಒಂದು ಕಂಪನಿ ನಮ್ಮ ಕಡೆ ಮೊಕ್ಕಾಂ ಮಾಡುತ್ತಿತ್ತು. ಅದರಲ್ಲಿ ರಾಜನ ಪಾತ್ರ ಮಾಡುತ್ತಿದ್ದ ನಟರಿಗೆ ನಾಲ್ಕು ತಾಲ್ಲೂಕಿನಲ್ಲೂ ಅಭಿಮಾನಿಗಳಿದ್ದರು. ಕಂಪನಿ ಡೇರೆ ಕಿತ್ತ ಮೇಲೆ ಈ ಅಭಿಮಾನಿಗಳೆಲ್ಲ ವರ್ಷಕ್ಕೊಂದು ದಿನ ಒಂದು ಹೋಟೆಲಿನಲ್ಲಿ ಸೇರುವುದೆಂದು ನಿಶ್ಚಯವಾಯಿತು. ಹಳೆಯ ಕರಪತ್ರ ತರುವುದು, ಹಾಡುವುದು, ಯಾವ ಹಾಡು ಯಾವ ಸೀನಿನದು ಎಂದು ಕಿತ್ತಾಡುವುದು, ಒಟ್ಟಿಗೆ ಉಣ್ಣುವುದು. ಮೊದಲ ವರ್ಷ ಬಸ್ಸು ನಿಲ್ಲುವಲ್ಲಿದ್ದ ಮಹಡಿ ಹೋಟೆಲಿನಲ್ಲಿ ಸೇರಿದರು. ನಾನು ಮೆಟ್ಟಿಲ ಬುಡದಲ್ಲಿ ಉಳಿದೆ. ಮೇಲಿನಿಂದ ಯಾರೋ ಬಗ್ಗಿ, “ಕೇಳಿಸ್ತಾ ಐತೇನೋ?” ಎಂದು ಕೂಗುತ್ತಿದ್ದರು. ಕೇಳಿಸುತ್ತಿತ್ತು. ಅದೇ ಸಂಕಟ.

ಅಲ್ಲಿಯ ಅನ್ನದ ಊಟದ ಬೆಲೆ ಕೇಳಿ ನೇಕಾರರು, ಗಾಡಿಯವರು ಎಷ್ಟೋ ಮಂದಿ ಸದ್ದಿಲ್ಲದೆ ಇಳಿದು ಬಂದು ಕಡಲೆಪುರಿ ಕಟ್ಟಿಸಿಕೊಂಡು ಕೆರೆ ಏರಿಯ ಕಡೆ ಹೋದರು. ನಾನು ತೊಡೆಯ ಮೇಲೆ ಎಲೆ ಇಟ್ಟುಕೊಂಡು, ಸಾರು ಪಂಚೆಗೆ ಸೋರದಂತೆ ಹೆಣಗುತ್ತಿದ್ದೆ. ಆ ದಾರಿಯಲ್ಲಿ ಸೊಪ್ಪಿನ ಹೊರೆ ಹೊತ್ತು ಬರುತ್ತಿದ್ದ ಹೋಟ್ಲಮ್ಮ ನಿಂತರು.

“ಎಲ್ರೂ ಮೇಲವ್ರೆ, ನೀನ್ಯಾಕಪ್ಪಾ ಇಲ್ಲಿ?”

“ನನ್ ಕುರ್ಚಿ ಮೆಟ್ಲು ಹತ್ತಲ್ವಲ್ಲಮ್ಮಾ.”

“ಎತ್ಕೊಂಡೋಗಕ್ಕೆ ಜನ ಇಲ್ವಾ?”

“ಅವ್ರೆ.”

ಅವರು ನನ್ನ ಮುಖ ನೋಡಿ, “ನಿಂಗೆ ಎತ್ತಿಸ್ಕೊಳ್ಳೋದು ಇಷ್ಟ ಇಲ್ವಾ?” ಎಂದರು.

ಅಲ್ಲಿಯವರೆಗೆ ಆ ಪ್ರಶ್ನೆಯನ್ನು ನನ್ನನ್ನು ಯಾರೂ ಕೇಳಿರಲಿಲ್ಲ. ಇಷ್ಟವಿಲ್ಲವೆಂದು ತಲೆ ಆಡಿಸಿದೆ. “ಸರಿ, ತಿನ್ನು. ಮಾತು ಆಮೇಲೆ, ಊಟ ಆರ್ತದೆ,” ಎಂದು ಹೊರೆ ಸರಿಮಾಡಿಕೊಂಡು ಹೊರಟರು. ಅದು ಅವರ ಬಾಯಲ್ಲಿ ದಿನವೂ ಇರುವ ಮಾತು. ಸಾಲ ಕೇಳಲು ಬಂದವರಿಗೂ, ಜಗಳಕ್ಕೆ ಬಂದವರಿಗೂ ಅದನ್ನೇ ಹೇಳುತ್ತಿದ್ದರು.

ಮರುವರ್ಷದ ಕೂಟವನ್ನು ಅವರೇ ಕೇಳಿ ತಮ್ಮಲ್ಲಿಗೆ ಕರೆಸಿಕೊಂಡರು. ಅಕ್ಕಿಗೆ ರೇಷನ್ನಿದ್ದ ಕಾಲ ಅದು. “ಅನ್ನದ ಆಸೆ ಬಿಡಿ. ಬರೋರೆಲ್ಲ ಮನೆಯಿಂದ ಒಂದ್ ಬಟ್ಲು ರಾಗಿಹಿಟ್ಟು ತನ್ನಿ, ಸಾರಿಂದು ಒಂದಾಣೆ ಕೊಡಿ,” ಎಂದರು. ಅವರು ಆ ರಾಜಪಾತ್ರದ ನಟರನ್ನು ಕಂಡವರೂ ಅಲ್ಲ, ನಾಟಕ ನೋಡಿದವರೂ ಅಲ್ಲ. “ಕಾಡಿಗ್ ಹೋದ್ಮೇಲೂ ಅಷ್ಟೊತ್ತು ಹಾಡ್ತಾನಂತಲ್ಲ, ಆ ರಾಜಂಗೆ ಹಸಿವಾಗಲ್ವಾ?” ಎಂದು ನಮ್ಮನ್ನೇ ಗೇಲಿ ಮಾಡುತ್ತಿದ್ದರು.

ಮುಂದಿನ ಮೆಟ್ಟಿಲುಗಳ ಮೇಲೆ ಗರಸು ಮಣ್ಣು ಹಾಕಿಸಿ, ಕುಟ್ಟಿಸಿ, ಇಳಿಜಾರು ಮಾಡಿಸಿದರು. ಉಳಿದದ್ದು ಹೊಸ್ತಿಲು. ಹೊನ್ನೆ ಮರದ್ದು, ಮೊಳಕಾಲ ಅರ್ಧದಷ್ಟು ಎತ್ತರ. ಶುಕ್ರವಾರ ಶುಕ್ರವಾರ ಅರಿಶಿನ ಬಳಿದು, ಕುಂಕುಮ ಇಟ್ಟು, ಹೂವಿಟ್ಟು ಬಂದದ್ದು. ಅದಕ್ಕೆ ಉಳಿ ಹಾಕಬೇಕೆಂದಾಗ ಬಡಗಿ ಕೈ ಹಿಂದಕ್ಕೆಳೆದುಕೊಂಡ. ಭಾವನವರು ಕಂಬದ ಕಡೆ ತಿರುಗಿ, “ಲಕ್ಷ್ಮಿ ಇರೋ ಜಾಗ ಅದು. ಕೀಳಿಸಿದ್ರೆ ಮನೆ ಉಳೀತದಾ?” ಎಂದರು.

ಹೋಟ್ಲಮ್ಮ ಒಲೆಯ ಕಡೆ ನೋಡುತ್ತಾ, “ಲಕ್ಷ್ಮಿ ಒಳಕ್ ಬರೋಳು ತಾನೇ? ಅಡ್ಡ ತೆಗೆದ್ರೆ ಸಲೀಸಾಗಿ ಬತ್ತಾಳೆ,” ಎಂದರು.

ಕಂಬದ ಮೂಲಕ ಎರಡು ದಿನ ಮಾತುಕತೆ ನಡೆದು ಕೊನೆಗೆ ರಾಜಿಯಾಯಿತು. ಚಕ್ರಗಳು ಹಾಯುವಷ್ಟು ಎರಡು ಕಡೆ ಮಾತ್ರ ಕೊಯ್ಯುವುದು, ನಡುವೆ ಕುಂಕುಮ ಇಡುವ ಭಾಗ ಮುಟ್ಟಕೂಡದು. ಬಡಗಿ ಕೈಮುಗಿದು, ತೆಂಗಿನಕಾಯಿ ಒಡೆದು, ಎರಡು ಕಂಡಿ ಕೊಯ್ದ. ಕೆಲಸ ಅಚ್ಚುಕಟ್ಟಾಗಿತ್ತು. ಎಲ್ಲರಿಗೂ ಸಮಾಧಾನವಾಯಿತು.

ಕೂಟದ ದಿನ ಹೊಸಕೋಟೆ, ದೇವನಹಳ್ಳಿ, ನೆಲಮಂಗಲದಿಂದೆಲ್ಲ ಜನ ಬಂದರು. ಅವರು ತಂದ ಹಿಟ್ಟೆಲ್ಲ ಒಂದೇ ಹಂಡೆಗೆ ಬಿತ್ತು. ಬಸ್ಸಾರಿನ ಘಮ ಬೀದಿಗೆ ಬರುತ್ತಿತ್ತು. ಭಾವನವರು ಯಜಮಾನರಾಗಿ ಪಂಕ್ತಿಯ ತಲೆಯಲ್ಲಿ ಕೂತಿದ್ದರು. ನಾನು ಹೊಸ ಅಂಗಿ ತೊಟ್ಟು, ಇಳಿಜಾರು ಹತ್ತಿ, ಎರಡು ಚಕ್ರಗಳನ್ನೂ ಕಂಡಿಗಳಲ್ಲಿ ಸರಿಯಾಗಿ ಹಾಯಿಸಿದೆ. ಜನ ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಕುರ್ಚಿ ಗಕ್ಕನೆ ನಿಂತಿತು. ಹಿಂದಿನ ಸಣ್ಣ ಗಾಲಿ, ಮುಟ್ಟಕೂಡದೆಂದು ಉಳಿಸಿದ್ದ ಲಕ್ಷ್ಮಿಯ ಭಾಗಕ್ಕೆ ಬಂದು ತಗುಲಿತ್ತು. ಕುರ್ಚಿ ಮಾಡಿದವನೂ ಆ ಬಡಗಿಯೇ, ಹೊಸ್ತಿಲು ಕೊಯ್ದವನೂ ಅವನೇ; ದೇವರ ಭಯದಲ್ಲಿ ತಾನೇ ಹಾಕಿದ ಮೂರನೇ ಗಾಲಿಯನ್ನು ಮರೆತುಬಿಟ್ಟಿದ್ದ. ನಾನು ಬಾಗಿಲಿಗೆ ಬಿರಡೆ ಹಾಕಿದ ಹಾಗೆ ಕೂತೆ. ಒಳಗಿದ್ದವರು ಹೊರಗೆ ಬರುವಂತಿಲ್ಲ, ಹೊರಗಿದ್ದವರು ಒಳಗೆ ಹೋಗುವಂತಿಲ್ಲ.

“ಹಿಂದೆ ಒಂಚೂರು ಎತ್ತಿದ್ರಾಯ್ತು, ಬನ್ರೋ,” ಎಂದು ಯಾರೋ ಕೈ ಹಾಕಿದರು.

ಹೋಟ್ಲಮ್ಮ ಸೌಟು ಹಿಡಿದೇ ಬಂದರು. “ಬಿಡಿ. ಇವತ್ತೇನೋ ಎತ್ತೀರಿ. ನಾಳೆ ಅವ್ನೊಬ್ನೇ ಉಣ್ಣಕ್ ಬಂದ್ರೆ ಯಾರ್ನ ಕರೀಲಿ?”

ಆಮೇಲೆ ಊಟಕ್ಕೆ ಬಂದಿದ್ದ ಬಡಗಿಯ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ, “ಮುದ್ದೆ ಕಟ್ಟಿ ಆಗೈತೆ ಕಣಪ್ಪಾ. ಅವ್ನು ಒಳಕ್ ಬರೋಗಂಟ ಒಬ್ರ ಎಲೆಗೂ ಬೀಳಲ್ಲ. ಆರಿದ್ರೆ ಆರ್ಲಿ,” ಎಂದರು. ಅದನ್ನು ಯಾರಿಗೆ ಹೇಳಿದ್ದೆಂದು ಬಡಗಿಗೂ ಗೊತ್ತು, ನಮಗೂ ಗೊತ್ತು. ಮುದ್ದೆ ಆರುವುದನ್ನು ಸಹಿಸದ ಹೆಂಗಸು ಅವರು. ನನಗಂತೂ ಭೂಮಿ ಬಾಯಿ ಬಿಟ್ಟರೆ ಸಾಕೆನಿಸಿತ್ತು. ನನ್ನ ದೆಸೆಯಿಂದ ಈಕೆಗೆ ಇದ್ದ ನೆಲೆಯೂ ತಪ್ಪಿದರೆ ಏನು ಗತಿ ಎಂದು ಹೆದರಿದೆ.

ಭಾವನವರು ಖಾಲಿ ಎಲೆಯನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಬಡಗಿಗೆ, “ಕೊಯ್ಯೋ ಅತ್ಲಾಗೆ. ಹಸಿದೋರ್ನ ಕೂರ್ಸೋದೂ ಲಕ್ಷ್ಮಿಗೆ ಆಗ್ಬರಲ್ಲ,” ಎಂದರು.

ಗರಗಸದ ಸದ್ದಿನ ನಡುವೆ ನಮ್ಮವರು ಹಾಡು ಶುರುಮಾಡಿದರು. ಒಳಗೆ ಹೋದ ಮೇಲೆ ಇನ್ನೊಂದು ತಾಪತ್ರಯ. ಎಲ್ಲರೂ ನೆಲದ ಮೇಲೆ, ನಾನೊಬ್ಬ ಮೇಲೆ, ಎಲೆ ಎಲ್ಲಿಡುವುದು? ಹೋಟ್ಲಮ್ಮ ಆಗ ತಾನೇ ಕೊಯ್ದ ಮರದ ತುಂಡನ್ನು ತೊಳೆದು, ಕಣ್ಣಿಗೊತ್ತಿಕೊಂಡು, ನನ್ನ ಕುರ್ಚಿಯ ಎರಡು ಕೈಗಳ ಮೇಲೆ ಅಡ್ಡಲಾಗಿಟ್ಟು ಎಲೆ ಹಾಸಿದರು. ನಾನು ಹಿಂಜರಿದೆ. ಹೊಸ್ತಿಲ ಮೇಲೆ ಕೂತು ಉಣ್ಣಬಾರದೆಂದು ನಮ್ಮವ್ವ ಬೈದದ್ದು ನೆನಪಿತ್ತು.

“ಹೊಸ್ಲು ಮೇಲೆ ನಾವ್ ಕೂರಬಾರ್ದು ಮಗ. ಹೊಸ್ಲೇ ನಿನ್ ಮೇಲೆ ಕೂತ್ರೆ ಏನ್ ದೋಷ? ಉಣ್ಣು, ಮಾತು ಆಮೇಲೆ,” ಎಂದರು. ಮುದ್ದೆ ಆರಿ ಮೇಲೆ ಪದರ ಕಟ್ಟಿತ್ತು. ಅದರ ನೆತ್ತಿಯ ಮೇಲೆ ಗೀರಿತ್ತು.

ಮಾರನೆಯ ದಿನ ಯಾರನ್ನೂ ಕರೆಯದೆ ಒಬ್ಬನೇ ಹೋಗಿ ಉಂಡು ಬಂದೆ. ಆಮೇಲೆ ಎಷ್ಟೋ ಸಲ ಹಾಗೇ ಹೋದೆ. ಹೊಸ್ತಿಲಿಲ್ಲದ ಆ ಬಾಗಿಲಿಗೆ ಅವರು ಶುಕ್ರವಾರದ ಪೂಜೆ ತಪ್ಪಿಸಲಿಲ್ಲ. ನೆಲಕ್ಕೇ ಅರಿಶಿನದ ಒಂದು ಗೆರೆ ಎಳೆದು ಕುಂಕುಮ ಇಡುತ್ತಿದ್ದರು. ನನ್ನ ಚಕ್ರ ಅದನ್ನು ಅಳಿಸಿಕೊಂಡು ಹೋದರೆ, ಹಗ್ಗಕ್ಕೆ ಹತ್ತಿದ ಅರಿಶಿನ ನೋಡಿ, “ನಿನ್ ಗಾಡಿಗೂ ಪೂಜೆ ಆಯ್ತು ಬಿಡು,” ಎನ್ನುತ್ತಿದ್ದರು.

ಸ್ವಾತಂತ್ರ್ಯ ಬಂದ ಮರುವರ್ಷ ಅವರು ಜ್ವರದಲ್ಲಿ ತೀರಿಕೊಂಡರು. ಸುದ್ದಿ ತಿಳಿದು ಹೋದಾಗ ಅಂಗಳದ ತುಂಬ ಜನ. ನಾನು ಸಾವಿನ ಮನೆಗಳಲ್ಲಿ ಮಾಡುವಂತೆ ಅಭ್ಯಾಸಬಲದಿಂದ ಹೊರಗೇ ಒಂದು ಕಡೆ ಕುರ್ಚಿ ನಿಲ್ಲಿಸಿಕೊಂಡೆ. ಬಾಗಿಲಲ್ಲಿ ನಿಂತಿದ್ದ ಭಾವನವರು ನನ್ನನ್ನು ಕಂಡು, “ಅಲ್ಲ್ಯಾಕ್ ನಿಂತೆ? ನಿನ್ ಬಾಗ್ಲು ಇದು, ಬಾ,” ಎಂದು ಪಕ್ಕಕ್ಕೆ ಸರಿದರು. ಯಾರೂ ಎತ್ತಲಿಲ್ಲ, ಯಾರೂ ತಳ್ಳಲಿಲ್ಲ. ನನ್ನ ಕೈಯಾರೆ ಚಕ್ರ ತಿರುಗಿಸಿಕೊಂಡು, ಅರಿಶಿನದ ಗೆರೆ ದಾಟಿ, ಅವರ ತಲೆಯ ಹತ್ತಿರದವರೆಗೂ ಹೋದೆ. ಕೈಗಳನ್ನು ಎದೆಯ ಮೇಲೆ ಜೋಡಿಸಿದ್ದರು. ಸೊಟ್ಟ ಉಗುರು ಮೇಲೇ ಕಾಣುತ್ತಿತ್ತು. ನಾನು ಬಗ್ಗಿ ಆ ಕೈ ಮುಟ್ಟಿದೆ.

ಹಿಂದೆಯೇ ಬಂದ ಭಾವನವರು ಕಂಬದ ಕಡೆ ನೋಡಲಿಲ್ಲ. ತಮ್ಮನ ಹೆಂಡತಿಯ ಮುಖಕ್ಕೇ ನೇರವಾಗಿ ಬಗ್ಗಿ, “ಕಣ್ ಬಿಡವ್ವಾ, ಅವ್ನು ಒಬ್ನೇ ಒಳಕ್ ಬಂದವ್ನೆ ನೋಡು,” ಎಂದರು.