ಪಲ್ಲವಿಯ ಮೊದಲೆರಡು ಸಾಲು

ಸಿನಿಮಾಕ್ಕೆ ಹಾಡುತ್ತೀಯಾ ಎಂದು ನನ್ನ ಗಂಡ ಕೇಳಿದಾಗ ನಾನು ದೋಸೆ ಹುಯ್ಯುತ್ತಿದ್ದೆ. ಆ ದೋಸೆ ಸೀದು ಕರಕಲಾಯಿತು. ಅವರ ಕಾಲೇಜಿನ ಗೆಳೆಯರೊಬ್ಬರು ಒಂದು ಸಣ್ಣ ಸಿನಿಮಾಕ್ಕೆ ಸಂಗೀತ ಮಾಡುತ್ತಿದ್ದರು. ಅದರಲ್ಲೊಂದು ಪ್ರೇಮಗೀತೆ, ಮೆತ್ತನೆಯ ರಾಕ್: ಗಿಟಾರು, ನಿಧಾನಕ್ಕೆ ಬೀಳುವ ಡ್ರಮ್ಮು, ಬಸ್ಸು ಹೊರಟ ಮೇಲೆ ಹುಡುಗಿಯೊಬ್ಬಳು ಹುಡುಗನಿಗೆ ಹೇಳದೆ ಉಳಿಸಿಕೊಂಡ ಮಾತು.

"ಕುಣೀಬ್ಯಾಡ, ಬರೀ ಟ್ರ್ಯಾಕ್ ಕಣೆ," ಎಂದರು ನನ್ನವರು. "ದೊಡ್ಡ ಸಿಂಗರ್ ಬಂದು ಹಾಡೋಗಂಟ ಜಾಗ ಇಡ್ಕಳಾದು. ಬಸ್ ಸೀಟಿಗೆ ಟವಲ್ ಹಾಕ್ತಾರಲ್ಲ, ಅಂಗೆ."

ಟವಲ್ಲೋ ಗಿವಲ್ಲೋ, ನನಗೇನು? ಭೇರ್ಯದ ಸುತ್ತಮುತ್ತ ಮದುವೆಯ ಸೋಬಾನೆಗೆ ನನ್ನನ್ನು ಕರೆಯದ ಮನೆಯೇ ಇಲ್ಲ. ಅತ್ತೆಗೆ ಬ್ಯಾಂಕಿನ ಕೆಲಸ ಎಂದು ಸುಳ್ಳು ಹೇಳಿ, ರೇಷ್ಮೆ ಸೀರೆ ಉಟ್ಟು, ಗಂಡನ ಜೊತೆ ಬೆಳಗಿನ ಬಸ್ಸಿಗೆ ಕೆ.ಆರ್. ನಗರಕ್ಕೆ ಹೊರಟೆ.

ಸ್ಟುಡಿಯೋ ಎಂದರೆ ಫೋಟೋ ಅಂಗಡಿಯ ಮೇಲಿನ ಕೋಣೆ, ಗೋಡೆಗೆಲ್ಲ ಸ್ಪಂಜು. ಗಿಟಾರು ಶುರುವಾದದ್ದೇ ತಡ, ಉಸಿರು ತುಂಬಿಕೊಂಡು ದನಿ ಎತ್ತಿದೆ. ಗಾಜಿನ ಆಚೆ ಕೂತಿದ್ದ ಸಂಗೀತದವರು ಹೆಡ್‌ಫೋನ್ ಕಿತ್ತು ಕಿವಿ ಹಿಡಿದುಕೊಂಡರು.

"ಅತ್ತಿಗೆ, ಮೈಕು ಮುಂದೇನೇ ಅದೆ. ಊರಿಗೆಲ್ಲ ಕೇಳ್ಸೋದು ಬ್ಯಾಡ."

ನನಗೆ ಸಿಟ್ಟು ಬಂತು. ಸೋಬಾನೆಯಲ್ಲಿ ನಾವು ಒಂದು ಸಾಲು ಎತ್ತಿಕೊಟ್ಟರೆ ಎದುರು ಕೂತ ಹೆಂಗಸರು ಅದನ್ನು ತಿರುಗಿ ಹೇಳಬೇಕು. ಓಲಗ, ಮಕ್ಕಳ ಗಲಾಟೆ, ಅಡುಗೆಯವರ ಕೂಗಾಟ ಎಲ್ಲದರ ಮೇಲೆ ಅವರಿಗೆ ಕೇಳಿಸದಿದ್ದರೆ ಅದೂ ಒಂದು ಹಾಡೇ? ಮೆತ್ತಗೆ ಹಾಡುವವಳನ್ನು ನಮ್ಮಲ್ಲಿ ಹಿಂದಕ್ಕೆ ಕೂರಿಸುತ್ತಾರೆ. ನಾಲ್ಕು ಸಲ ಹಾಡಿದೆ, ನಾಲ್ಕು ಸಲವೂ ನಿಲ್ಲಿಸಿದರು. ಕಣ್ಣಲ್ಲಿ ನೀರು ತುಂಬಿತು.

"ಮನೇಲಿ ಇವನ್ ತಾವ ಎಂಗ್ ಮಾತಾಡ್ತೀರಿ? ಅಂಗೇ ಹಾಡಿ, ಸಾಕು," ಎಂದರು ಅವರು.

ಮನೆಯಲ್ಲಿ ನಮ್ಮ ಕೋಣೆಗೂ ಅತ್ತೆಯ ಮಂಚಕ್ಕೂ ನಡುವೆ ಇರುವುದು ಮೋಟುಗೋಡೆ, ಸೂರಿನ ತನಕ ಹೋಗಿಲ್ಲ. ಮದುವೆಯಾದಂದಿನಿಂದ ಯೂರಿಯಾ ತರುವ ವಿಷಯವನ್ನೂ ನಾನು ಗಂಡನಿಗೆ ಪಿಸುದನಿಯಲ್ಲೇ ಹೇಳಿದವಳು. ನನ್ನವರನ್ನು ಒಳಗೆ ಕರೆದು ಮೈಕಿನ ಪಕ್ಕ ನಿಲ್ಲಿಸಿಕೊಂಡೆ. ಕಣ್ಣು ಮುಚ್ಚಿ, ಗೋಡೆಯಾಚೆ ಅತ್ತೆ ಇದ್ದಾರೆ ಎಂದುಕೊಂಡು ಹಾಡಿದೆ. ಒಂದೇ ಸಲಕ್ಕೆ ಆಯಿತು. ತಿರುಗಿ ಕೇಳಿಸಿದಾಗ ನನ್ನವರು ನಾಚಿ ಮುಖ ಕೆಂಪಗೆ ಮಾಡಿಕೊಂಡು ಗೋಡೆಯ ಸ್ಪಂಜು ನೋಡುತ್ತ ನಿಂತಿದ್ದರು. ನನಗಂತೂ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಇದು ಬರೀ ಟವಲ್ ಆಗಬಾರದು, ಸಿನಿಮಾದಲ್ಲಿ ನನ್ನ ದನಿ ಉಳಿಯಬೇಕು ಎಂಬ ಆಸೆ ಹುಟ್ಟಿದ್ದು ಆಗಲೇ.

ಕೆಲವು ತಿಂಗಳ ಮೇಲೆ ಫೋನು ಬಂತು. ಹೆಸರಾದ ಗಾಯಕಿಯೇ ಹಾಡಿಯಾಗಿತ್ತು. "ಪಲ್ಲವೀಲಿ ಮೊದಲೆರಡು ಸಾಲು ನಿಮ್ಮದೇ ಇರ್ಲಿ ಅಂತ ಕೇಳಿವ್ನಿ ಅತ್ತಿಗೆ. ಪ್ರೊಡ್ಯೂಸರ್ ಏನ್ ಮಾಡ್ತಾರೋ ಗೊತ್ತಿಲ್ಲ," ಎಂದರು ಸಂಗೀತದವರು. ಅಂದಿನಿಂದ ನನಗೆ ಅನ್ನ ಸೇರಲಿಲ್ಲ.

ಬಿಡುಗಡೆಯಾದ ವಾರವೇ ಹುಣಸೂರಿನ ಥಿಯೇಟರಿಗೆ ಮಧ್ಯಾಹ್ನದ ಆಟಕ್ಕೆ ಹೋದೆವು. ಅತ್ತೆಗೆ ಸಿನಿಮಾ ಹುಚ್ಚು, ಅವರೂ ಬಂದರು. ಹಾಡಿನ ಸಂಗತಿ ಅವರಿಗೆ ಹೇಳಿರಲೇ ಇಲ್ಲ. ಪರದೆಯ ಮೇಲೆ ಬಸ್ಸು ಹೊರಟಿತು, ಗಿಟಾರು ಬಂತು. ಪಿಸುದನಿಯಲ್ಲಿ ಎರಡು ಸಾಲು, ಆಮೇಲೆ ದನಿ ತುಂಬಿಕೊಂಡಿತು. ಆ ಎರಡು ಸಾಲು ನನ್ನವೋ? ದೊಡ್ಡ ಗಾಯಕಿಯೇ ಮೆತ್ತಗೆ ಶುರು ಮಾಡಿರಬಹುದು. ಅಷ್ಟು ದೊಡ್ಡ ಸ್ಪೀಕರಿನಲ್ಲಿ ನನಗೇ ಗುರುತು ಸಿಗಲಿಲ್ಲ. ಗಂಡನ ಮುಖ ನೋಡಿದರೆ ಅವರೂ ಬೆಪ್ಪಾಗಿ ಕೂತಿದ್ದರು. ಅಳು ಬರುವ ಹಾಗಾಯಿತು.

ಕಡಲೆಕಾಯಿ ಸುಲಿಯುತ್ತಿದ್ದ ಅತ್ತೆ ನನ್ನ ಮೊಣಕೈ ತಿವಿದರು. "ಆ ಮೊದ್ಲಿಂದು ನೀನಲ್ವಾ?"

"ನಿಮ್ಗೆಂಗೆ ಗೊತ್ತಾಯ್ತು ಅತ್ತೆ?"

"ಎಂಟು ವರ್ಸದಿಂದ ಕೇಳ್ತಾವ್ನಿ ಕಣವ್ವ. ನಮ್ಮನೆ ಗೋಡೆ ಮೋಟು."

ನಾಚಿಕೆಯಿಂದ ಸತ್ತೇಹೋದೆ. ಎಂಟು ವರ್ಷ ಗುಟ್ಟು ಎಂದುಕೊಂಡು ಏನೇನು ಆಡಿದ್ದೆನೋ ಎಂದು ನೆನೆಯುತ್ತಲೇ, ಹಾಡು ಮುಗಿಯುವ ತನಕ ಅತ್ತೆಯ ಕೈ ಹಿಡಿದುಕೊಂಡು ಕೂತಿದ್ದೆ.